ಲಂಗರು ಸರಪಳಿ ಮಾರುತ್ತಿದ್ದವರು

ಮೈಲುತುತ್ತಕ್ಕೆ, ಅಂದರೆ ತಾಮ್ರದ ಸಲ್ಫೇಟಿನ ನೀಲಿ ಹರಳಿಗೆ, ವಾಸನೆ ಇಲ್ಲ. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಬಂದು ಮೂವತ್ತು ವರ್ಷ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟವನು ನಾನು. ಆದರೂ ಕಳೆದ ತಿಂಗಳು ರಿಪ್ಪನ್‌ಪೇಟೆಯಲ್ಲಿ ಬಸ್ಸು ಹತ್ತಿ ಕೂತಾಗ, ಪಕ್ಕದವರು ಅಡಿಕೆಗೆ ಔಷಧಿ ಹೊಡೆಯಲು ಕೊಂಡಿದ್ದ ಮೈಲುತುತ್ತದ ಚೀಲವನ್ನು ನನ್ನ ಕಾಲ ಬಳಿ ಇಟ್ಟ ತಕ್ಷಣ ನನಗೊಂದು ವಾಸನೆ ಬಂತು. ಒದ್ದೆ ಕಬ್ಬಿಣ, ಡಾಂಬರು, ತೆಂಗಿನ ನಾರಿನ ಹಗ್ಗ... ಚೀಲದಲ್ಲಿ ಇವು ಯಾವುವೂ ಇರಲಿಲ್ಲ. ಅದು ಅರವತ್ತರ ದಶಕದಲ್ಲಿ ಸಾಗರದ ಪೇಟೆಯಲ್ಲಿದ್ದ ಒಂದು ಅಂಗಡಿಯ ವಾಸನೆ. ಸಾಗರದಲ್ಲಿ ಇಳಿದು ಸೊರಬದ ಬಸ್ಸು ಹತ್ತಬೇಕಿದ್ದವನು, ಹತ್ತದೆ ಸುಮಾರು ಹೊತ್ತು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೇ ಇದ್ದೆ.

ಆ ಅಂಗಡಿಯವರ ಬಗ್ಗೆ ನಾನು ಹಲವರಿಗೆ ಹಲವು ಸಲ ಹೇಳಿದ್ದೇನೆ. ಹೇಳಿದ್ದೇ ತಪ್ಪಾಯಿತೋ ಏನೋ. ಹೇಳಿ ಹೇಳಿ, ನಡೆದದ್ದು ಯಾವುದು, ನಾನು ಹೇಳಿದ್ದು ಯಾವುದು ಎಂದು ನನಗೇ ಖಾತ್ರಿ ಇಲ್ಲದಂತಾಗಿದೆ. ಇಲ್ಲಿ ಖಾತ್ರಿ ಇರುವುದನ್ನು ಮಾತ್ರ ಖಾತ್ರಿ ಎನ್ನುತ್ತೇನೆ.

ಅವರು ಹೊನ್ನಾವರದ ಕಡೆಯವರು. ಚಿಕ್ಕ ವಯಸ್ಸಿನಲ್ಲಿ ಹಂಚು, ಉಪ್ಪು ಸಾಗಿಸುವ ಮಂಜಿ ಎಂಬ ಹಾಯಿಹಡಗುಗಳಲ್ಲಿ ಕೆಲಸ ಮಾಡಿ, ಆಮೇಲೆ ಘಟ್ಟ ಹತ್ತಿ ಬಂದು ಸಾಗರದಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದರು. ಗುದ್ದಲಿ, ಹಾರೆ, ಮೊಳೆ, ಬಾವಿಯ ರಾಟೆ. ಸಮುದ್ರದ ಸುಳಿವೇ ಇಲ್ಲದ ಊರಿನಲ್ಲಿ ಅವರು ಹಡಗಿನ ಲಂಗರು ಸರಪಳಿ ಮಾರತೊಡಗಿದ್ದು ಶರಾವತಿಗೆ ಅಣೆಕಟ್ಟು ಬಂದ ಮೇಲೆ. ಹಿನ್ನೀರು ತುಂಬಿ ರಸ್ತೆಗಳು ಮುಳುಗಿದವು. ದಾಟಲು ದೋಣಿ, ಲಾಂಚು, ಬಸ್ಸನ್ನೇ ಹೊತ್ತು ಸಾಗಿಸುವ, ಜಂಗಲ್ ಎನ್ನುವ ಅಗಲದ ತೆಪ್ಪ ಬಂದವು. ಇವಕ್ಕೆಲ್ಲ ಲಂಗರು ಬೇಕಾಯಿತು, ಲಂಗರಿಗೆ ಸರಪಳಿ.

ಆದರೆ ಆ ನೀರು ಕೆಟ್ಟ ನೀರು. ಕಡಿಯದೆ ಬಿಟ್ಟ ಕಾಡೆಲ್ಲ ಅದರೊಳಗೆ ಕೊಳೆಯುತ್ತಿತ್ತು. ಬೆಳ್ಳಿಯ ಉಂಗುರ ತೊಟ್ಟು ಕೈ ಅದ್ದಿದರೆ ಕಪ್ಪಾಗುತ್ತದೆ ಎಂದು ಹೆಂಗಸರು ಹೇಳುತ್ತಿದ್ದರು. ಮಾಮೂಲಿ ಸರಪಳಿ ಒಂದು ಮಳೆಗಾಲ ಕಳೆಯುವುದರೊಳಗೆ ಪದರು ಪದರಾಗಿ ಉದುರುತ್ತಿತ್ತು. ಹಾಗಾಗಿ ಎಲ್ಲರೂ ಕೇಳುತ್ತಿದ್ದದ್ದು ಬಿಳಿ ಸರಪಳಿ, ಅಂದರೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟದ್ದು. ಒಡೆದ ಹಡಗುಗಳಿಂದ ಬಿಚ್ಚಿದ ಸರಪಳಿಗೆ ಬೊಂಬಾಯಿಯಲ್ಲಿ ಲೇಪ ಹಾಕಿಸಿ, ಲಾರಿಯ ಮೇಲೆ ತರಿಸುತ್ತಿದ್ದರು ಅವರು. ಬೇಡಿಕೆ ಕಂಡ ಇನ್ನು ಕೆಲವರು ತುಕ್ಕು ಸರಪಳಿಗೆ ಬೆಳ್ಳಿ ಬಣ್ಣ ಬಳಿದು ಮಾರತೊಡಗಿದರು. ನೋಡುವವರಿಗೆ ಎರಡೂ ಒಂದೇ. ಇವರ ಅಸಲಿ ಮಾಲನ್ನೂ ಜನ ಅನುಮಾನದಿಂದ ನೋಡುವಂತಾಯಿತು.

ನಾನು ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬಾವಿಗೆ ಕೊಕ್ಕೆ ಕೊಳ್ಳಲು ಹೋದವನು ಅವರ ಗೋಳು ಕೇಳಿ, "ಇದನ್ನ ಪತ್ತೆ ಮಾಡೋದು ಏನು ಮಹಾ, ಸಾವ್ಕಾರ್ರೇ," ಎಂದೆ. ಮೈಲುತುತ್ತ ಈ ಕಡೆ ಯಾವ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ನೀರಿನಲ್ಲಿ ಕರಗಿಸಿ ಸರಪಳಿಯ ಮೇಲೆ ಒಂದು ಹನಿ ಬಿಟ್ಟರೆ ಸಾಕು. ಸತುವಿದ್ದರೆ ಕಪ್ಪಾಗುತ್ತದೆ. ಲೇಪ ಸವೆದು ಬರಿ ಕಬ್ಬಿಣ ಇದ್ದರೆ ತಾಮ್ರ ಹಿಡಿದು ಕೆಂಪಾಗುತ್ತದೆ. ಬಣ್ಣ ಬಳಿದಿದ್ದರೆ ಏನೂ ಆಗುವುದಿಲ್ಲ. ಅಂಗಡಿಯ ಮುಂದೆ ನಾಲ್ಕು ಜನ ಸೇರಿದಾಗಲೇ ಮಾಡಿ ತೋರಿಸಿದೆ. ಅವರು ಕಣ್ಣರಳಿಸಿ ನೋಡಿ, "ಇದೆಂತ ಮಾಸ್ತರ್ರೇ, ಜಾದೂ!" ಎಂದರು.

"ಜಾದೂ ಅಲ್ಲ, ವಿಜ್ಞಾನ," ಎಂದೆ. ಆ ಗತ್ತು ನನಗೆ ಚೆನ್ನಾಗಿ ನೆನಪಿದೆ. ಅದನ್ನು ಯಾರೂ ಆಮೇಲೆ ಸೇರಿಸಿದ್ದಲ್ಲ.

ಅವರದ್ದೂ ಒಂದು ಪರೀಕ್ಷೆ ಇತ್ತು. ಸರಪಳಿಯನ್ನು ಮಾಡಿನ ತೊಲೆಗೆ ನೇತು ಹಾಕಿ, ಒಂದೊಂದೇ ಕೊಂಡಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ, ತಲೆ ವಾರೆ ಮಾಡಿ ಕೇಳುತ್ತಿದ್ದರು. ಗಟ್ಟಿ ಕೊಂಡಿ ಗಂಟೆಯ ಹಾಗೆ ನುಡಿಯುತ್ತದೆ, ಬಿರುಕಿದ್ದದ್ದು ಒಡೆದ ಮಡಕೆಯ ಹಾಗೆ ಬೊದ್ ಎನ್ನುತ್ತದೆ. ಮಂಜಿಯ ಮೇಲೆ ಕಲಿತದ್ದಂತೆ. ಒಂದು ಸರಪಳಿಗೆ ಅರ್ಧ ದಿನ ಬೇಕು. ಒಮ್ಮೆ ಗಿರಾಕಿಯ ಎದುರೇ ನಾನು ನಕ್ಕೆ. "ಅದು ಯಾರ ಕಿವಿಗೆ ಹೇಗೆ ಕೇಳುತ್ತೋ! ಕಿವೀನ ನಂಬ್ಕೊಂಡು ವ್ಯಾಪಾರ ಮಾಡ್ತೀರಾ?" ಅವರೂ ನಕ್ಕರು. ಸುತ್ತಿಗೆಯನ್ನು ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟರು. ಆಮೇಲೆ ಬಹಳ ದಿನ ಅದನ್ನು ಹೊರತೆಗೆದದ್ದು ನಾನು ಕಾಣೆ.

ಮೇಷ್ಟ್ರ ಪರೀಕ್ಷೆ ಪೇಟೆಯಲ್ಲಿ ಹೆಸರಾಯಿತು. ಹೊಸನಗರ, ತೀರ್ಥಹಳ್ಳಿ ಕಡೆಯ ದೋಣಿಯವರೂ ಬಂದು, "ಮೇಷ್ಟ್ರು ನೋಡಿದ್ದೇ ಕೊಡಿ," ಎನ್ನುತ್ತಿದ್ದರು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಾಟಲಿ ಹಿಡಿದು ಅಂಗಡಿಗೆ ಹೋಗುವುದು ನನಗೆ ರೂಢಿಯಾಯಿತು. ಅವರು ಒಳಗಿನಿಂದ ಚಹಾ ತರಿಸುತ್ತಿದ್ದರು. ಮಂಜಿಯ ಕಥೆ ಹೇಳುತ್ತಿದ್ದರು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು ನನ್ನನ್ನು ಬಹುವಚನದಲ್ಲಿ ಕರೆದು, ನಾನು ಕೂರುವ ತನಕ ನಿಂತೇ ಇರುತ್ತಿದ್ದರು.

ಮಳೆ ಹಿಡಿಯುವ ಮುಂಚಿನ ದಿನಗಳು. ಒಂದು ಶನಿವಾರ ನಾನು ಶಾಲೆಯಿಂದ ಹೊರಡುವ ಮೊದಲೇ ಅವರು ಗೇಟಿನಲ್ಲಿ ನಿಂತಿದ್ದರು. ಅಂಗಡಿ ಬಿಟ್ಟು ಬರುವವರಲ್ಲ. ಕೈಯಲ್ಲಿ ಪತ್ರಿಕೆಯ ಕಾಗದದಲ್ಲಿ ಸುತ್ತಿದ ಏನೋ ಇತ್ತು. ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. ಮುರಿದ ಒಂದು ಕೊಂಡಿ. ಮೇಲೆ ಲೇಪ ಬೆಳ್ಳಗೆ, ಚೊಕ್ಕವಾಗಿತ್ತು. ಮುರಿದ ಜಾಗ ಮಾತ್ರ ಮುಕ್ಕಾಲು ಪಾಲು ಕಪ್ಪು, ಹಳೆಯ ತುಕ್ಕು. ಅಂಚಿನಲ್ಲಿ ಉಗುರಿನಗಲ ಮಾತ್ರ ಹೊಸದಾಗಿ ಮುರಿದ ಹೊಳಪು.

"ಸರಪಳಿ ಮಾರಿ ಉಳಿದ ತುಂಡು ತೂಗುವಾಗ ಕಲ್ಲಿನ ಮೇಲೆ ಬಿತ್ತು ಮಾಸ್ತರ್ರೇ. ಬಿದ್ದದ್ದೇ ಇದು ಬಾಯಿ ಬಿಡ್ತು. ಇದು ಇವತ್ತಿನ ಬಿರುಕಲ್ಲ. ಹಡಗಿನ ಮೇಲಿದ್ದಾಗಲೇ ಆದದ್ದು. ಅದರ ಮೇಲೆ ಲೇಪ ಕೂತಿದೆ."

ನನ್ನ ಹನಿ ಲೇಪವನ್ನು ನೋಡುತ್ತಿತ್ತು. ಲೇಪದ ಒಳಗೆ ನೋಡುವುದು ಅದರ ಕೆಲಸವೇ ಅಲ್ಲ. ಇದು ನನಗೆ ಮೊದಲೇ ಗೊತ್ತಿತ್ತು, ಯಾರೂ ಕೇಳಿರಲಿಲ್ಲ ಅಷ್ಟೇ... ನಾನೂ ಹೇಳಿರಲಿಲ್ಲ.

"ಈ ಸರಪಳಿಯ ದೊಡ್ಡ ತುಂಡು ಎಲ್ಲಿದೆ?" ಎಂದು ಕೇಳಿದೆ.

"ಜಂಗಲ್ಲಿನಲ್ಲಿ," ಎಂದರು.

ಹಿನ್ನೀರು ದಾಟುವ ಕಡವಿಗೆ ಹೋಗುವ ಬಸ್ಸು ಸಿಕ್ಕಿತು. ಅವರ ಕೈಚೀಲದಲ್ಲಿ ಆ ಸುತ್ತಿಗೆ ಇತ್ತು, ಕಾಲ ಬಳಿ ಹೊಸ ನಾರಿನ ಹಗ್ಗದ ದೊಡ್ಡ ಸುರುಳಿ. ಆ ನೀರನ್ನು ನಾನು ಕಂಡಿದ್ದೆ. ಮುಳುಗಿದ ಕಾಡಿನ ಒಣಮರಗಳು ಅಲ್ಲಲ್ಲಿ ನೀರಿನಿಂದ ಮೇಲೆದ್ದು ನಿಂತಿದ್ದವು. ಕಾಣುವವು ನೂರು, ನೀರಿನಡಿ ಕಾಣದವು ಸಾವಿರ. ಜಂಗಲ್ಲನ್ನು ಎಳೆಯುವ ಲಾಂಚಿನ ಇಂಜಿನ್ನು ನಡುನೀರಿನಲ್ಲಿ ನಿಂತು ಗಾಳಿ ಎದ್ದರೆ, ಆ ಮರಗಳ ಕಡೆಗೆ ತೇಲದಂತೆ ಹಿಡಿಯುವುದು ಲಂಗರು ಒಂದೇ.

ಕಡವಿನಲ್ಲಿ ಜಂಗಲ್ ಹೊರಡುವುದರಲ್ಲಿತ್ತು. ಆಚೆ ದಡದಲ್ಲಿ ಸಾಗರದ ಕಡೆ ಬರುವ ಬಸ್ಸು ಕಾಯುತ್ತಿತ್ತು. ಅದರ ಸುತ್ತ ಜನ ಇರುವೆಗಳ ಹಾಗೆ ಕಾಣುತ್ತಿದ್ದರು. ಜಂಗಲ್ ನಡೆಸುವವನು ಮೂವತ್ತರ ಗಟ್ಟಿ ಆಳು. ಅಂಗಡಿಯವರು ಇವತ್ತು ಹೋಗಬೇಡ ಎಂದಾಗ ಅವನು ಬಾಯಿಂದ ಬೀಡಿ ತೆಗೆದು ನಕ್ಕ.

"ಎಂತ ಸಾವ್ಕಾರ್ರೇ, ನೀವೇ ಕೊಟ್ಟದ್ದು, ಇದೇ ಮೇಷ್ಟ್ರು ನೀಲಿ ನೀರು ಹಾಕಿ ಪಾಸು ಮಾಡಿದ್ದು. ಈಗ ಫೇಲಾಯ್ತಾ?"

ನಾನು ನೀರಿನ ಕಡೆ ನೋಡಿದೆ.

"ಆಚೆ ಐವತ್ತು ಜನ ಇದಾರೆ. ಗಾಳಿ ಏಳೋದ್ರೊಳಗೆ ಅವರನ್ನ ತರ್ಬೇಕು. ಇವತ್ತು ಬಿಟ್ರೆ ಅಲ್ಲೇ ಉಪವಾಸ ಮಲಗ್ತಾರೆ, ಮನೆಯೂ ಇಲ್ಲ ಮಾಡೂ ಇಲ್ಲ ಅಲ್ಲಿ," ಎಂದ ಅವನು.

ಅಂಗಡಿಯವರು ಪಂಚೆ ಎತ್ತಿ ಕಟ್ಟಿ, ಹಗ್ಗದ ಸುರುಳಿಯನ್ನು ಜಂಗಲ್ಲಿನ ಹಲಗೆಯ ಮೇಲೆ ಎಸೆದು, ತಾವೂ ಹತ್ತಿದರು. ಹೋಗುವಾಗಲೇ ಕೊಂಡಿಗಳನ್ನು ತಟ್ಟಿ ನೋಡುತ್ತೇನೆ, ಸಂಶಯ ಬಂದ ಕಡೆ ಹಗ್ಗ ಜೋಡಿಸುತ್ತೇನೆ ಎಂದರು. ತಿರುಗಿ ನನ್ನ ಕಡೆ ಕೈ ಚಾಚಿದರು.

"ಬನ್ನಿ ಮಾಸ್ತರ್ರೇ. ಸರಪಳಿ ನೆಲಕ್ಕೆ ತಾಗಿದ್ರೆ ನುಡಿಯೋದಿಲ್ಲ. ಎತ್ತಿ ಹಿಡಿಯೋಕೆ ಒಬ್ಬರು ಬೇಕು."

ಇಲ್ಲಿಂದ ಮುಂದೆ ನನ್ನ ಬಳಿ ಎರಡು ನೆನಪುಗಳಿವೆ.

ಒಂದರಲ್ಲಿ ನಾನು ಹತ್ತಿದ್ದೇನೆ. ಕಾಲಡಿಯ ಹಲಗೆ ಅದುರುತ್ತಿದೆ, ಕೈಯಲ್ಲಿ ಸರಪಳಿಯ ತಣ್ಣನೆಯ ಭಾರ ಇದೆ, ಅವರು ತಟ್ಟುತ್ತಿದ್ದಾರೆ. ಇನ್ನೊಂದರಲ್ಲಿ, "ನನಗೆ ಈಜು ಬರಲ್ಲ, ಇಲ್ಲೇ ಇರ್ತೀನಿ," ಎನ್ನುತ್ತೇನೆ. ಅವರು ಚಾಚಿದ ಕೈಯನ್ನು ನಿಧಾನ ಹಿಂದೆ ತೆಗೆದುಕೊಂಡು, "ಆಯ್ತು, ಆಯ್ತು," ಎನ್ನುತ್ತಾರೆ. ಕೋಪವಿಲ್ಲ.

ಹೋಗುವಾಗ ಏನೂ ಆಗಲಿಲ್ಲ. ಆಚೆ ಬಸ್ಸು ಹತ್ತಿತು, ಜನ ಹತ್ತಿದರು, ಜಂಗಲ್ ಹೊರಟಿತು. ಅಷ್ಟರಲ್ಲಿ ಪಶ್ಚಿಮದಿಂದ ಗಾಳಿ ಎದ್ದಿತ್ತು. ನೀರು ಸೀಸದ ಬಣ್ಣಕ್ಕೆ ತಿರುಗಿತು. ಅರ್ಧ ದಾರಿಗೆ ಬಂದಿರಬೇಕು, ಲಾಂಚಿನ ಡುಗು ಡುಗು ಸದ್ದು ಒಮ್ಮೆಗೇ ನಿಂತುಬಿಟ್ಟಿತು.

ಅಂಥ ಮೌನವನ್ನು ನಾನು ಮತ್ತೆ ಕೇಳಿಲ್ಲ. ಜಂಗಲ್ ನಿಧಾನವಾಗಿ ಅಡ್ಡ ತಿರುಗಿ ಮರಗಳ ಕಡೆಗೆ ಸರಿಯತೊಡಗಿತು. ಒಬ್ಬ ಹೆಂಗಸು ಕೂಗಿದ್ದು ನೀರಿನ ಮೇಲೆ ಹಾದು ಬಂತು. ಲಂಗರು ಬಿದ್ದ ಸದ್ದು, ಸರಪಳಿ ಗಡಗಡ ಇಳಿದ ಸದ್ದು. ಆದರೂ ಸರಿಯುತ್ತಲೇ ಇತ್ತು. ನಾನು ಎಣಿಸತೊಡಗಿದೆ, ಯಾಕೆಂದು ಗೊತ್ತಿಲ್ಲ. ನಲವತ್ತರವರೆಗೆ ಎಣಿಸಿದ ನೆನಪು. ನಂತರ ಜಂಗಲ್ ಒಮ್ಮೆ ಜಗ್ಗಿದಂತಾಗಿ ನಿಂತಿತು. ಒಂದು ಮರದ ಬೊಡ್ಡೆಗೂ ಅದಕ್ಕೂ ನಡುವೆ ಎರಡು ಮಾರು ದೂರ ಇತ್ತೋ ಏನೋ. ದೂರದಿಂದ ನೋಡುವವನಿಗೆ ಅದೂ ಹೇಗೆ ತಿಳಿಯಬೇಕು? ಇಂಜಿನ್ನು ಮತ್ತೆ ಶುರುವಾಗುವವರೆಗೆ ಹತ್ತು ನಿಮಿಷ ಆಗಿರಬಹುದು. ನಾನು ಎಲ್ಲರಿಗೂ ಒಂದು ಗಂಟೆ ಎಂದು ಹೇಳಿಕೊಂಡು ಬಂದಿದ್ದೇನೆ.

ದಡಕ್ಕೆ ಬಂದ ಜನ ಇಳಿದು ನಡೆದರು. ಅಂಗಡಿಯವರ ಎರಡೂ ಅಂಗೈ ಹಗ್ಗ ಉಜ್ಜಿ ಸುಲಿದಿದ್ದವು. ಒಬ್ಬರೇ ಇದ್ದುದರಿಂದ ಸರಪಳಿಯನ್ನು ಮೊಳಕಾಲಿನ ಮೇಲೆ ಹಾಕಿಕೊಂಡು ಅರ್ಧ ಮಾತ್ರ ತಟ್ಟಲು ಆಗಿತ್ತಂತೆ. ಅಷ್ಟರಲ್ಲೇ ಬೊದ್ ಎಂದ ಒಂದು ಕೊಂಡಿ ಸಿಕ್ಕಿತ್ತು. ಅದರ ಎರಡೂ ಬದಿಗೆ ಹಗ್ಗ ಹೆಣೆದು ಬಿಗಿದಿದ್ದರು. ಜಂಗಲ್ ನಡೆಸುವವನು ಸರಪಳಿ ಎಳೆದು ನೋಡಿದಾಗ ಆ ಕೊಂಡಿ ಬಾಯಿ ಬಿಟ್ಟಿತ್ತು. ಐವತ್ತು ಜನರನ್ನು ಹಿಡಿದು ನಿಂತದ್ದು ಹಗ್ಗ. ಅವನು ಬೀಡಿ ಹಚ್ಚಲು ಮೂರು ಕಡ್ಡಿ ಗೀರಿದ. ಮೂರೂ ಆರಿದವು.

ಮುಂದಿನ ಶನಿವಾರ ಹೋಗಲೋ ಬೇಡವೋ ಎಂದುಕೊಂಡೇ ಅಂಗಡಿಗೆ ಹೋದೆ. ಅವರು ಎಂದಿನಂತೆ ಎದ್ದು ನಿಂತರು. ಕೈಗೆ ಬಟ್ಟೆ ಸುತ್ತಿದ್ದರು. ತೊಲೆಗೆ ಸರಪಳಿ ನೇತಾಡುತ್ತಿತ್ತು. ಗಿರಾಕಿಯೊಬ್ಬ, "ಮೇಷ್ಟ್ರು ನೋಡಿದ್ದಾ?" ಎಂದು ಕೇಳಿದ. ಅವರು ನನ್ನ ಮುಖ ನೋಡಲಿಲ್ಲ.

"ಹೊರಗಿನದು ಮಾಸ್ತರ್ರು ನೋಡ್ತಾರೆ, ಒಳಗಿನದು ನಾನು ಕೇಳ್ತೇನೆ. ಎರಡೂ ಆಗದೆ ಇನ್ನು ಕೊಡೋದಿಲ್ಲ," ಎಂದರು. ಚಹಾ ತರಿಸಿದರು. ಕಡವಿನ ಮಾತು ತೆಗೆಯಲಿಲ್ಲ. ನಾಲ್ಕು ಜನರೆದುರು ನನ್ನ ಮಾನ ಉಳಿಸಿದರು. ಅದನ್ನು ತಡೆದುಕೊಳ್ಳಲು ನನಗೆ ಆಗಲಿಲ್ಲ. ಒಂದು ಶನಿವಾರ ಜ್ವರ ಎಂದೆ, ಇನ್ನೊಂದು ಶನಿವಾರ ಪರೀಕ್ಷೆಯ ಪೇಪರು ಎಂದೆ. ಮರುವರ್ಷ ತೀರ್ಥಹಳ್ಳಿಗೆ ವರ್ಗವಾಯಿತು. ಹೇಳಿ ಹೋಗಲಿಲ್ಲ.

ಅವರು ತೀರಿಕೊಂಡದ್ದು ನನಗೆ ತಿಳಿದದ್ದು ತಿಂಗಳುಗಳ ಮೇಲೆ, ಮಂಡಗದ್ದೆಯಲ್ಲಿ ಬಸ್ಸು ಕೆಟ್ಟು ನಿಂತಾಗ ಸಿಕ್ಕ ಸಾಗರದವರೊಬ್ಬರಿಂದ. ಕೊನೆಗೊಮ್ಮೆ ನನ್ನನ್ನು ವಿಚಾರಿಸಿದ್ದರಂತೆ. ಆ ಮೇಷ್ಟ್ರು ಆರಾಮಾಗಿದ್ದಾರಾ, ಅಂತ.

ನಾನು ಜಂಗಲ್ ಹತ್ತಿದ್ದೆ ಎಂದೇ ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿಗೆ ಹೇಳಿದ್ದೆ. ಆಮೇಲೆ ಮಕ್ಕಳಿಗೆ, ಜೊತೆಯ ಮೇಷ್ಟ್ರುಗಳಿಗೆ. ಹೇಳುತ್ತ ಹೇಳುತ್ತ ಹಲಗೆಯ ಅದುರು ಬಂತು, ಸರಪಳಿಯ ತಣ್ಣನೆ ಭಾರ ಬಂತು. ಕಳೆದ ತಿಂಗಳು ಸಾಗರದ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಮಕ್ಕಳ ಉತ್ತರಪತ್ರಿಕೆ ತಿದ್ದುವ ಹಾಗೆ ಎರಡೂ ನೆನಪುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದೆ. ಅವರ ಬಿಳಿ ಅಂಗಿ ನೀರಿನ ಮೇಲೆ ಸಣ್ಣದಾಗುತ್ತ ಆಗುತ್ತ ಒಂದು ಚುಕ್ಕೆಯಾದದ್ದು ನನ್ನ ಕಣ್ಣಲ್ಲಿದೆ. ಜಂಗಲ್ಲಿನ ಮೇಲೆ ಅವರ ಪಕ್ಕ ನಿಂತವನಿಗೆ ಅದು ಹಾಗೆ ಕಾಣುವುದು ಸಾಧ್ಯವಿಲ್ಲ.

ಮನೆಗೆ ಬಂದು, ನಾನು ಹತ್ತಲೇ ಇಲ್ಲ ಎಂದು ಹೆಂಡತಿಗೆ ಹೇಳಿದೆ. ನಲವತ್ತು ಚಿಲ್ಲರೆ ವರ್ಷ ಬೇರೆಯದೇ ಕೇಳಿದವಳು. ಸೊಪ್ಪು ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಇದನ್ನ ಅವರ ಹತ್ರ ಹೇಳ್ಬೇಕಿತ್ತು, ನನ್ನ ಹತ್ರ ಅಲ್ಲ," ಎಂದಳು.