ಹೊಸ್ತಿಲಿಲ್ಲದ ಜಾಗ

ಸೀರೆಯ ನೆರಿಗೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಅದನ್ನು ಹಾಕಿಕೊಂಡು ನೀಲಮ್ಮ ಹೊರಡುವ ದಿನ ಬೆಳಿಗ್ಗೆಯೂ ತಮ್ಮ ಅಂಗಳದ ಪತ್ರೆ ಗಿಡದ ಸುತ್ತ ನಡೆಯುತ್ತಿದ್ದರು. ಕೇದಾರದ ಏರು ಹತ್ತಬೇಕಲ್ಲ, ಅದಕ್ಕೆ ಕಾಲನ್ನು ಪಳಗಿಸುತ್ತಿದ್ದರು. ಸ್ನಾನ, ಲಿಂಗಪೂಜೆ ಮುಗಿದು ಹಣೆಯ ವಿಭೂತಿ ಇನ್ನೂ ಪೂರ್ತಿ ಒಣಗಿರಲಿಲ್ಲ. ನಾನು ಹಾಲು ಒಲೆಗಿಟ್ಟು, ಬಾಗಿಲಿಗೆ ನೀರು ಹಾಕಿ ರಂಗೋಲಿಯ ಚುಕ್ಕಿ ಇಡುತ್ತಿದ್ದೆ.

"ಏ ಕಾನ್ವೆಂಟು, ಏನೇ ತಿಂಡಿ?"

ಕಾಂಪೌಂಡ್ ಗೋಡೆಯಾಚೆಯಿಂದ ದಿನಾ ಬರುವ ಪ್ರಶ್ನೆ. ತುಮಕೂರಿನ ಬಟವಾಡಿಯ ಈ ಬೀದಿಗೆ ನಾನು ಬಂದ ಮೊದಲ ವಾರವೇ ಅವರು ನನ್ನ ಹೆಸರನ್ನು ಬದಿಗಿಟ್ಟು ಈ ಹೆಸರು ಕಟ್ಟಿದ್ದರು.

"ಉಪ್ಪಿಟ್ಟು, ಆಂಟಿ."

"ಥೂ, ದೇವ್ರ ದರ್ಶನಕ್ಕೆ ಹೊಂಟವಳಿಗೆ ಉಪ್ಪಿಟ್ಟಾ? ನಮ್ಮತ್ತೆನಾರ ಎಷ್ಟೋ ವಾಸಿ ಬುಡು."

ಅಂದರೂ ಗೋಡೆಯ ಮೇಲಿಂದ ತಟ್ಟೆ ಚಾಚಿದರು.

ನನ್ನ ಮಾತಿನ ರೀತಿ ಅವರಿಗೆ ತಮಾಷೆ. ನಾನು ತರಕಾರಿಯವನಿಗೂ ಥ್ಯಾಂಕ್ಯೂ ಹೇಳುತ್ತೇನೆ. ಬೀದಿಯಲ್ಲಿ ಯಾರಿಗಾದರೂ ಭುಜ ತಗುಲಿದರೆ ತಪ್ಪು ಯಾರದ್ದೇ ಇರಲಿ, ಸಾರಿ ನನ್ನದು. ಒಮ್ಮೆ ಅವರು ಅವರೆಕಾಯಿ ಸುಲಿಯುತ್ತಾ, ತಲೆಯೆತ್ತದೆ ಹೇಳಿದ್ದರು: "ನಿಂಗೆ ಸಾರಿ ಅನ್ನೋದು ಕೆಮ್ಮಿದಷ್ಟು ಸಲೀಸು ಕಣೇ. ನಮ್ಗೆ ಹಂಗಲ್ಲ. ಬಾವಿಯಿಂದ ಚಪ್ಪಡಿ ಎತ್ತಿದಂಗೆ."

ಆ ಚಪ್ಪಡಿ ಯಾವುದೆಂದು ನನಗೆ ಆಗ ಗೊತ್ತಿರಲಿಲ್ಲ. ಆಮೇಲೆ ತಿಳಿಸಿದವಳು ಶೋಭಾ. ಕಾನ್ವೆಂಟಿನಲ್ಲಿ ನನ್ನ ಜೊತೆ ಓದಿದವಳು, ಈಗ ಕುಣಿಗಲ್‌ನಲ್ಲಿ ಟೀಚರ್. ಗುಬ್ಬಿಯ ಗಂಗಮ್ಮ ನೀಲಮ್ಮನ ಅಕ್ಕ, ಶೋಭಾ ಅವರ ಮಗಳು.

ನೀಲಮ್ಮ ಕೊತ್ತಗೆರೆಯ ಸೊಸೆಯಾಗಿದ್ದ ಕಾಲದಲ್ಲಿ ಗಂಗಮ್ಮನ ಮನೆಯಲ್ಲಿದ್ದ ಅವರಿಬ್ಬರ ತಾಯಿ ತೀರಿಕೊಂಡರು. ಸುದ್ದಿ ತಡವಾಗಿ ತಲುಪಿತು. ನೀಲಮ್ಮ ಗುಬ್ಬಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಎಲ್ಲರೂ ಕೈಕಾಲು ತೊಳೆದಾಗಿತ್ತು. "ಅವ್ವನ ಮುಖ ನೋಡೋಕೆ ನನ್ಗೆ ಬುಡ್ಲಿಲ್ಲ ನೀನು. ಇನ್ನು ಈ ಹೊಸ್ಲು ತುಳುದ್ರೆ ಅವ್ವನಾಣೆ" ಎಂದು ನೀಲಮ್ಮ ಬಾಗಿಲಲ್ಲೇ ನಿಂತು ಕೂಗಿದರಂತೆ. "ನಿನ್ನ ಹೊಸ್ಲು ನಾನ್ ತುಳುದ್ರೆ ನನ್ಗೂ ಅವಳಾಣೆ" ಎಂದು ಗಂಗಮ್ಮ ಒಳಗಿನಿಂದ ಹೇಳಿದರಂತೆ. ತುಮಕೂರಿಂದ ಗುಬ್ಬಿ ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರವೂ ಇಲ್ಲ. ಆದರೆ ಶೋಭಾ ಮತ್ತು ನಾನು ಓದಿ, ಮದುವೆಯಾಗಿ, ಮಕ್ಕಳನ್ನು ಬೆಳೆಸಿದರೂ ಆ ದೂರ ಸವೆದಿರಲಿಲ್ಲ.

ಹಾಗೆಂದು ಮಾತು ಪೂರಾ ನಿಂತಿತ್ತು ಎಂದಲ್ಲ. ಕುಣಿಗಲ್‌ನ ಛತ್ರವೊಂದರಲ್ಲಿ ನಾನೇ ನೋಡಿದ್ದೇನೆ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದರು, ಆ ತುದಿ ಈ ತುದಿ.

"ಅಪ್ಪಾ, ಆ ಕೊನೇಲಿರೋರ್ಗೆ ತುಪ್ಪ ಬಡ್ಸು" ಎಂದು ಗಂಗಮ್ಮ ಬಡಿಸುವವನಿಗೆ ಹೇಳಿದರು. "ತುಪ್ಪ ಇಲ್ದೆ ಅವ್ರ್ ಗಂಟ್ಲಲ್ಲಿ ಹೋಳ್ಗೆ ಇಳಿಯಲ್ಲ."

ಆತ ಬಕೆಟ್ ಹಿಡಿದು ಈ ತುದಿಗೆ ಬಂದಾಗ ನೀಲಮ್ಮ ಎಲೆ ನೋಡುತ್ತಲೇ ಅಂದರು: "ಅಲ್ಲಿರೋರ್ಗೆ ಹೇಳಪ್ಪ, ಸಕ್ಕರೆ ಕಾಯ್ಲೆ ಇರೋರು ಎರಡ್ನೇ ಹೋಳ್ಗೆ ಮುಟ್ಬಾರ್ದು ಅಂತ."

ಆತ ಪಾಪ, ಇಬ್ಬರಿಗೂ ತಲೆಯಾಡಿಸಿ ಪಲ್ಯ ತರಲು ಓಡಿದ. ಗಂಗಮ್ಮ ಎರಡನೆಯ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದ್ದನ್ನು ನಾನು ನೋಡಿದೆ. ನೀಲಮ್ಮನೂ ನೋಡಿದರು.

ಸತ್ತವರ ಮೇಲಿಟ್ಟ ಆಣೆಯನ್ನು ಬಿಡಿಸುವವರು ಯಾರು? ಮಠದ ಹಿರಿಯರೊಬ್ಬರು ಶೋಭಾಗೆ ದಾರಿ ಹೇಳಿದ್ದರು. ಇಬ್ಬರೂ ಒಟ್ಟಿಗೆ ಕೇದಾರಕ್ಕೆ ಹೋಗಿ, ಒಂದೇ ನೀರಿನಲ್ಲಿ ಮುಳುಗಿ ಎದ್ದರೆ ಆಣೆ ಕಳೆಯುತ್ತದೆ. ಶೋಭಾ ಅಲ್ಲಿ, ನಾನು ಇಲ್ಲಿ ಕೂತು ಟೂರಿನವರ ಪ್ಯಾಕೇಜೊಂದರಲ್ಲಿ ಪಕ್ಕಪಕ್ಕದ ಸೀಟು ಹಿಡಿದೆವು. ಬೈಯುತ್ತಾರೆಂದು ಹೆದರಿಕೊಂಡೇ ನೀಲಮ್ಮನಿಗೆ ಹೇಳಿದೆ. ಅವರು ಬಹಳ ಹೊತ್ತು ಸೆರಗಿನ ಅಂಚು ಮಡಚುತ್ತಾ ಕೂತರು.

"ಇದು ಸರಿ ಕಣೇ" ಅಂದರು ಕೊನೆಗೆ. "ಅವಳು ನನ್ನ ಹತ್ರ ಬಂದಂಗೂ ಇರ್ಬಾರ್ದು, ನಾನು ಅವಳ ಹತ್ರ ಹೋದಂಗೂ ಇರ್ಬಾರ್ದು. ಬಸ್ ಬರ್ಬೇಕು, ಇಬ್ರುನ್ನೂ ಹತ್ತಿಸ್ಕೊಂಡು ಹೋಗ್ಬೇಕು. ಬಸ್ಸಿಗೆ ಹೊಸ್ಲು ಇಲ್ವಲ್ಲ."

ಮರುದಿನವೇ ಶೂ ಬಂತು. ಮೊದಲು ಏನು ಮಾತಾಡಬೇಕೆಂದು ನನ್ನ ಮುಂದೆ ಅಭ್ಯಾಸ ಮಾಡುತ್ತಿದ್ದರು. "'ಕಿಟಕಿ ಪಕ್ಕ ನೀನೇ ಕೂತ್ಕೊ' ಅನ್ಲಾ? ಇಲ್ಲ ಬುಡು, ಅವಳೇ ಮೊದ್ಲು ಅನ್ಲಿ."

ಅವತ್ತು ಉಪ್ಪಿಟ್ಟಿನ ತಟ್ಟೆ ಇನ್ನೂ ಅವರ ಕೈಯಲ್ಲೇ ಇತ್ತು, ನನ್ನ ಮೊಬೈಲಿಗೆ ಟೂರಿನವರ ಫೋನ್ ಬಂತು. ಬೆಟ್ಟದಲ್ಲಿ ಮಳೆ ನಿಂತಿಲ್ಲ, ದಾರಿ ಕುಸಿಯುತ್ತಿದೆ, ಯಾತ್ರಿಕರು ಹೊರಡುವುದು ಬೇಡವೆಂದು ಅಲ್ಲಿನ ಸರ್ಕಾರ ರಾತ್ರಿ ಸೂಚನೆ ಹೊರಡಿಸಿದೆ, ಟ್ರಿಪ್ ಕ್ಯಾನ್ಸಲ್. ಒಳಗೆ ಟಿ.ವಿ.ಯಲ್ಲೂ ಅದೇ ಬರುತ್ತಿತ್ತು: ಅನಿವಾರ್ಯವಲ್ಲದ ಪ್ರಯಾಣವನ್ನು ಮುಂದೂಡಿ.

ನೀಲಮ್ಮ ನಿಂತೇ ಕೇಳಿಸಿಕೊಂಡರು. "ಅನಿವಾರ್ಯನೋ ಅಲ್ವೋ ಅಂತ ಅವ್ನು ನನ್ನ ಕೇಳಿದ್ನಾ?"

ಶೋಭಾಗೆ ಫೋನ್ ಮಾಡಿದೆ. ಟೂರಿನ ಬಸ್ ಹತ್ತಲು ಗಂಗಮ್ಮ ಹೊತ್ತಿಗೆ ಮುಂಚೆಯೇ ಗುಬ್ಬಿ ಬಿಟ್ಟು ನಮ್ಮೂರ ಬಸ್ ಸ್ಟ್ಯಾಂಡಿಗೆ ಹೊರಟಾಗಿತ್ತು, ಅವರ ಬಳಿ ಮೊಬೈಲ್ ಇಲ್ಲ. "ನೀವೇ ಹೋಗಿ ಹೇಳಿ ಆಂಟಿ, ಬಸ್ ಸ್ಟ್ಯಾಂಡ್ ಅಷ್ಟೇ ಅಲ್ವಾ" ಅಂದೆ. "ಬಸ್ಸೇ ಇಲ್ಲ ಅಂದ್ಮೇಲೆ ನಾನ್ ಹೋದ್ರೆ, ನಾನೇ ಹೋದಂಗಾಯ್ತಲ್ಲೇ" ಅಂದರು. "ನೀನ್ ಹೋಗು."

ಹೋದೆ. ಗಂಗಮ್ಮ ಬ್ಯಾಗಿನ ಮೇಲೆ ಕೈಯಿಟ್ಟು ಬೆಂಚಿನ ತುದಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು. ವಿಷಯ ಹೇಳಿದೆ. ಅವರು ನನ್ನನ್ನು ನೋಡಲಿಲ್ಲ, ಎದುರಿನ ಹೂವಿನ ಗಾಡಿಯ ಕಡೆ ನೋಡುತ್ತಿದ್ದರು. ನಾನೂ ತಿರುಗಿದೆ. ಗಾಡಿಯ ಹಿಂದೆ, ಸೀರೆಯ ಕೆಳಗೆ ಬಿಳಿ ಶೂ.

"ನೋಡ್ದಂಗ್ ಇರಮ್ಮ" ಎಂದು ಗಂಗಮ್ಮ ಮೆಲ್ಲಗೆ ಹೇಳಿದರು. "ನಾನೂ ಆಗ್ಲಿಂದ ನೋಡ್ದಂಗೇ ಇದೀನಿ. ಅವಳಾಗೇ ಬರ್ಲಿ."

ಗುಬ್ಬಿಯ ಬಸ್ಸೊಂದು ಬಂದು ಹೋಯಿತು, ಅವರು ಏಳಲಿಲ್ಲ. ನೀಲಮ್ಮ ಮಲ್ಲಿಗೆ ಕೊಂಡರು. ಮತ್ತೆ ಸೇವಂತಿಗೆ ಕೊಂಡರು. ಒಮ್ಮೆ ಒಂದು ಹೆಜ್ಜೆ ಮುಂದಿಟ್ಟರು. ನಡುವೆ ಒಂದು ಆಟೋ ಬಂದು ನಿಂತಿತು, ಅದು ಹೋದಾಗ ಅವರು ಮತ್ತೆ ಹೂವಿನ ಬುಟ್ಟಿಯ ಹಿಂದಿದ್ದರು. ಹೋಗಿ ಕೈಹಿಡಿದು ಕರೆತರಲೇ ಎಂದು ಎದ್ದೆ. ಗಂಗಮ್ಮ ನನ್ನ ಸೆರಗು ಹಿಡಿದು ಕೂರಿಸಿದರು. "ಬಲವಂತಕ್ಕೆ ಬಂದ್ರೆ ಅದು ಬಂದಂಗಲ್ಲ."

ಮುಂದಿನ ಬಸ್ಸಿಗೆ ಅವರು ಎದ್ದರು. ಬ್ಯಾಗಿನಿಂದ ಒಂದು ಉಣ್ಣೆಯ ಕುಲಾವಿ ತೆಗೆದು ನನ್ನ ಕೈಗಿಟ್ಟರು. "ಅಲ್ಲಿ ಚಳಿ ಅಂದ್ರು. ಅವಳಿಗೆ ಚಿಕ್ಕಂದಿನಿಂದ ಕಿವಿನೋವು. ನಮ್ಮನೇದಲ್ಲ, ಅಂಗಡೀದು ಅಂತ ಹೇಳಮ್ಮ, ಇಲ್ದಿದ್ರೆ ಮುಟ್ಟಲ್ಲ." ಬಸ್ ತಿರುಗುವಾಗ ಕಿಟಕಿಯಿಂದ ಹೂವಿನ ಗಾಡಿಯ ಕಡೆ ನೋಡಿದರು. ಈ ಸಲ ನೋಡದ ಹಾಗೆ ಇರಲಿಲ್ಲ.

ಗಂಗಮ್ಮ ಆ ವರ್ಷದ ದೀಪಾವಳಿ ಕಾಣಲಿಲ್ಲ. ಹೃದಯಾಘಾತ. ನೀಲಮ್ಮನನ್ನು ನಾನೇ ಗುಬ್ಬಿಗೆ ಕರೆದುಕೊಂಡು ಹೋದೆ. ಒಳಗೆ ವಿಭೂತಿ ಬಳಿದು, ಹೂವು ಮುಡಿಸಿ, ಅಕ್ಕನನ್ನು ಕೂರಿಸಿದ್ದರು. ಶೋಭಾ ಬಂದು "ಬಾ ಚಿಕ್ಕಮ್ಮ, ಈಗ್ಲಾದ್ರೂ" ಎಂದು ಕೈಹಿಡಿದಳು. "ಆಣೆ ಐತೆ ಮಗ" ಎನ್ನುತ್ತಾ ನೀಲಮ್ಮ ಬಿಸಿಲಲ್ಲಿ ರಸ್ತೆಯಲ್ಲೇ ನಿಂತರು. ಜನ ಏನೇನೋ ಅಂದರು, ಕಲ್ಲು ಮನಸ್ಸು ಅಂದರು. ಹೊತ್ತು ತಂದವರು ಬಾಗಿಲು ದಾಟಿ ರಸ್ತೆಗೆ ಬಂದದ್ದೇ ತಡ, ನೀಲಮ್ಮ ನುಗ್ಗಿ ಆ ಪಾದಗಳಿಗೆ ಮುಖವಿಟ್ಟರು.

"ಕೊನೆಗೂ ನೀನೇ ಬಂದ್ಯಲ್ಲಕ್ಕ. ನೀನೇ ಮೊದ್ಲು ಬಂದ್ಯಲ್ಲ."

ಬಿಡಿಸಲು ನಾಲ್ಕು ಜನ ಬೇಕಾಯಿತು.

ಆಮೇಲೆ ಗೋಡೆಯಾಚೆಯಿಂದ ತಿಂಡಿಯ ವಿಚಾರಣೆ ನಿಂತುಹೋಯಿತು. ನಾನೇ ಕರೆದು ತಟ್ಟೆ ಕೊಟ್ಟರೆ, ಏನು ಎತ್ತ ಎಂದು ಕೇಳದೆ ತಿನ್ನುತ್ತಿದ್ದರು. ಬೇಸಿಗೆ ಕಳೆಯುವುದರೊಳಗೆ ಅವರೂ ಹೋದರು. ಕೊತ್ತಗೆರೆಯ ತೋಟದಲ್ಲಿ ಗಂಡನ ಪಕ್ಕ ಮಣ್ಣು ಮಾಡಿದರು. ನಾನು ಈಗಲೂ ಬೆಳಿಗ್ಗೆ ಚುಕ್ಕಿ ಇಡುವಾಗ ಒಂದು ಕ್ಷಣ ಕೈ ತಡೆಯುತ್ತೇನೆ, ಯಾರೋ ಕರೆಯಬಹುದು ಎಂದು.

ಆದರೆ ನೀಲಮ್ಮ ಎಂದರೆ ನನಗೆ ಕಾಣುವುದು ಪ್ರಯಾಣ ನಿಂತುಹೋದ ಆ ದಿನದ ಸಂಜೆಯೇ. ಗಂಗಮ್ಮನ ಮಾತನ್ನು ಹಾಗೆಯೇ ಒಪ್ಪಿಸಿ ಕುಲಾವಿ ಕೊಟ್ಟಿದ್ದೆ. "ಅಂಗಡೀದಾ?" ಎಂದು ಕೇಳಿ, ಅಂಚಿನ ಕೈಹೊಲಿಗೆಯನ್ನು ಬೆರಳಿನಿಂದ ಸವರಿ, ಕಿವಿ ಮುಚ್ಚುವಂತೆ ಹಾಕಿಕೊಂಡಿದ್ದರು. ಸೆಕೆಗೆ ಹಣೆಯ ವಿಭೂತಿ ಕರಗಿ ಹುಬ್ಬಿಗೆ ಇಳಿಯುತ್ತಿದ್ದರೂ ತೆಗೆಯಲಿಲ್ಲ. ಜಗಲಿಯ ಮೇಲೆ ಹಾಗೇ ಕೂತಿದ್ದರು, ಮಡಿಲಲ್ಲಿ ಯಾರಿಗೂ ಮುಡಿಸದ ಮಲ್ಲಿಗೆ, ಸೇವಂತಿಗೆ. ನಾನು ಪಕ್ಕದಲ್ಲಿ ಕೂತೆ.

ಎದುರು ಮನೆಯ ರೇಣುಕಾ ಕಸದ ಬುಟ್ಟಿ ಒಳಗಿಡಲು ಬಂದವಳು ನೋಡಿ ನಕ್ಕಳು.

"ಇದೇನ್ರೀ ನೀಲಮ್ನೋರೆ, ಕೇದಾರ ಇಲ್ಲೇ ಬಂತಾ? ತಲೆ ಕೆಡಿಸ್ಕೋಬೇಡಿ ಬುಡಿ, ಮುಂದಿನ್ ವರ್ಷ ಅಕ್ಕ ತಂಗಿ ಇಬ್ರೂ ಹೋದ್ರಾಯ್ತು. ಬೆಟ್ಟ ಎಲ್ಲಿಗ್ ಓಡೋಗುತ್ತೆ?"