ಬ್ಯೂರೆಟ್ ಹಿಡಿಯದ ಬಿ ಬ್ಯಾಚ್

2025ರ ಜೂನ್ 12, ಗುರುವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ನನ್ನ ಡೈರಿಯಲ್ಲಿ ಈ ಪ್ರಕರಣ ಶುರುವಾಗುವುದು ಅಲ್ಲಿಂದ. ಆಗ ನಾನು ಬಳ್ಳಾರಿಯ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಸೇರಿ ಮೂರನೆಯ ವರ್ಷ ನಡೆಯುತ್ತಿತ್ತು. ಪಾಠದ ಜೊತೆಗೆ ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂದಿತ್ತು: ಕೊನೆಯ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಗಳು ನಮ್ಮ ವಿಷಯದ ಕೋರ್ ಪೇಪರ್‌ಗಳನ್ನೆಲ್ಲ ಮುಗಿಸಿದ್ದಾರೆಯೇ ಎಂದು ನೋಡಿ, ಪಟ್ಟಿ ಮಾಡಿ, ವಿಶ್ವವಿದ್ಯಾಲಯಕ್ಕೆ ಕಳಿಸುವುದು.

ಕೋರ್ ಎಂದರೆ ಬಿಡುವಂತಿಲ್ಲದ್ದು. ಐಚ್ಛಿಕ ಪೇಪರ್ ಒಂದು ಬೇಡವಾದರೆ ಇನ್ನೊಂದನ್ನು ಆರಿಸಿಕೊಳ್ಳಬಹುದು. ಕೋರ್ ಒಂದು ತಪ್ಪಿದರೂ ಪದವಿ ನಿಲ್ಲುತ್ತದೆ. ನಮ್ಮಲ್ಲಿ ಆರು ಸೆಮಿಸ್ಟರ್, ಪ್ರತಿ ಸೆಮಿಸ್ಟರಿಗೆ ಒಂದು ಥಿಯರಿ, ಒಂದು ಪ್ರಾಕ್ಟಿಕಲ್. ಅಂದರೆ ತಲೆಗೆ ಹನ್ನೆರಡು ಚೌಕ. ವಿದ್ಯಾರ್ಥಿಗಳು 41. ಒಟ್ಟು 492 ಚೌಕ. ಅಂಕಪಟ್ಟಿ ನೋಡುತ್ತ ಒಂದೊಂದಕ್ಕೂ ಹಸಿರು ಪೆನ್ನಿನಲ್ಲಿ ಟಿಕ್ ಹಾಕಿ, ಹಿಂದಿನ ದಿನ ಸಂಜೆಯಷ್ಟೇ ಮುಗಿಸಿದ್ದೆ. 492ಕ್ಕೆ 492. ಅದನ್ನು ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

"ಒಳಗ ಬರ್ಲೇನ್ರಿ ಮೇಡಂ?"

ಬಂದವಳು ಹೊನ್ನೂರಮ್ಮ. ಸಿರುಗುಪ್ಪದ ಹತ್ತಿರದ ಹಳ್ಳಿಯವಳು, ದಿನಾ ಬಸ್ಸಿನಲ್ಲಿ ಓಡಾಡಿ ಓದಿದವಳು. ಕೂತ್ಕೊ ಎಂದರೂ ಕೂರಲಿಲ್ಲ.

"ನನ್ನ ಹೆಸರಿನ ಮುಂದ ಮೊದಲನೇ ಸೆಮಿಸ್ಟರ್ ಪ್ರಾಕ್ಟಿಕಲ್‌ಗಿ ಟಿಕ್ ಹಾಕೀರೇನ್ರಿ?"

"ಹಾಕೀನಲ್ಲ. ಐವತ್ತಕ್ಕ ನಲವತ್ಮೂರು ಬಂದಾವು."

"ಅಂಕ ನನ್ನವ ರೀ. ಪ್ರಯೋಗ ನಂದಲ್ಲ."

ನನಗೆ ಅರ್ಥವಾಗಲಿಲ್ಲ. ಅವಳು ನೆಲ ನೋಡುತ್ತ ಒಂದೇ ಉಸಿರಿನಲ್ಲಿ ಹೇಳಿದಳು: "ನಾ ಟೈಟ್ರೇಷನ್ ಮಾಡೇ ಇಲ್ರಿ ಮೇಡಂ. ಬ್ಯೂರೆಟ್ ಒಮ್ಮಿನೂ ಹಿಡಿದಿಲ್ಲ."

ಬ್ಯೂರೆಟ್ ಎಂದರೆ ಅಳತೆಯ ಗೆರೆಗಳಿರುವ ಉದ್ದನೆಯ ಗಾಜಿನ ಕೊಳವೆ, ತುದಿಯಲ್ಲಿ ಒಂದು ಚಿಕ್ಕ ನಲ್ಲಿ. ಅದರಿಂದ ದ್ರಾವಣವನ್ನು ಹನಿ ಹನಿಯಾಗಿ ಕೆಳಗಿನ ಫ್ಲಾಸ್ಕಿಗೆ ಬಿಡಬೇಕು. ಫ್ಲಾಸ್ಕಿನ ಬಣ್ಣ ಬದಲಾದ ಹನಿಯಲ್ಲೇ ನಲ್ಲಿ ನಿಲ್ಲಿಸಿ, ಎಷ್ಟು ಖರ್ಚಾಯಿತೆಂದು ಓದಬೇಕು. ಇದೇ ಟೈಟ್ರೇಷನ್. ಅಡುಗೆ ಕಲಿಯುವವರಿಗೆ ಒಲೆ ಹಚ್ಚುವುದು ಹೇಗೋ, ರಸಾಯನಶಾಸ್ತ್ರ ಓದುವವರಿಗೆ ಇದು ಹಾಗೆ.

ಅವಳು ಹೇಳಿದ್ದು ಇಷ್ಟು. ಮೊದಲ ಸೆಮಿಸ್ಟರನ್ನು ಅವಳು ಓದಿದ್ದು ಸಿರುಗುಪ್ಪ ಕಡೆಯ ಒಂದು ಚಿಕ್ಕ ಖಾಸಗಿ ಕಾಲೇಜಿನಲ್ಲಿ. ಅಲ್ಲಿ ವಿದ್ಯಾರ್ಥಿಗಳನ್ನು ಎ, ಬಿ ಎಂದು ಎರಡು ಬ್ಯಾಚ್ ಮಾಡಿದ್ದರು. ಎ ಬ್ಯಾಚಿಗೆ ಮೊದಲು ಟೈಟ್ರೇಷನ್. ಬಿ ಬ್ಯಾಚಿಗೆ ಮೊದಲು ಎರಡನೆಯ ಸೆಮಿಸ್ಟರಿನ ಪ್ರಯೋಗ, ಅಂದರೆ ಲವಣಗಳನ್ನು ಗುರುತಿಸುವುದು. ಮುಂದಿನ ಸೆಮಿಸ್ಟರಿನಲ್ಲಿ ಅದಲು ಬದಲು. ಆದರೆ ಅದಲು ಬದಲಾಗುವ ಮೊದಲೇ ಆ ಕಾಲೇಜಿನ ವಿಜ್ಞಾನ ವಿಭಾಗ ಮುಚ್ಚಿತು. ಬಿ ಬ್ಯಾಚಿನ ಹೊನ್ನೂರಮ್ಮ ನಮ್ಮಲ್ಲಿಗೆ ಬಂದಳು. ಎರಡನೆಯ ಸೆಮಿಸ್ಟರಿನಲ್ಲಿ ನಾವೂ ಅವಳಿಂದ ಲವಣಗಳನ್ನೇ ಗುರುತು ಹಿಡಿಸಿದೆವು. ಕಾಗದದ ಮೇಲೆ ಎರಡು ಪ್ರಾಕ್ಟಿಕಲ್. ನಿಜದಲ್ಲಿ ಒಂದೇ ಪ್ರಾಕ್ಟಿಕಲ್ ಎರಡು ಸಲ.

"ಮುಂದಿನ ಸೆಮಿಸ್ಟರ್‌ಗಳಾಗ ಟೈಟ್ರೇಷನ್ ಬಂದಿತ್ತಲ್ಲ?" ಎಂದೆ.

"ಬಂದಿತ್ರಿ. ಇಬ್ಬರಿಗೊಂದು ಬ್ಯೂರೆಟ್. ನನ್ನ ಅಕ್ಷರ ಚಂದ ಅದಾವು ಅಂತ ಪಾರ್ಟ್ನರ್ ನನಗ ರೀಡಿಂಗ್ ಬರಿಯಾಕ ಹಚ್ಚತಿದ್ಲು. ನನಗೂ ಅದ ಬೇಕಾಗಿತ್ತು. ಬರಂಗಿಲ್ಲ ಅಂತ ಹೇಳಾಕ ನಾಚಿಕಿ."

"ಪರೀಕ್ಷಿಯಾಗ?"

"ಚೀಟಿ ಎತ್ತಬೇಕಾದ್ರ ಒಮ್ಮಿನೂ ಟೈಟ್ರೇಷನ್ ಬರ್ಲಿಲ್ರಿ. ದೇವರ ನಡಿಸಿದ."

ಈಗ ಹೇಳುತ್ತಿರುವುದೇಕೆಂದರೆ, ನಗರದ ಒಂದು ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸದ ಕರೆ ಬಂದಿತ್ತು. ಜೂನ್ 27ಕ್ಕೆ ಹೋಗಿ ನೀರಿನ ಗಡಸುತನವನ್ನು ಟೈಟ್ರೇಷನ್ ಮಾಡಿ ತೋರಿಸಬೇಕು. ತೋರಿಸಿದರೆ ಕೆಲಸ, ಪದವಿ ಪಾಸಾಗಿರಬೇಕು ಎಂಬ ಷರತ್ತಿನ ಮೇಲೆ.

ಅವಳು ಹೋದ ಮೇಲೆ ಹಳೆಯ ಡೈರಿ ತೆಗೆದೆ. 2024ರ ಸೆಪ್ಟೆಂಬರ್ 18ರ ಪುಟದಲ್ಲಿ ನನ್ನದೇ ಕೈಬರಹ: "ಹೊನ್ನೂರಮ್ಮನ ರೆಕಾರ್ಡ್ ತುಂಬ ಅಚ್ಚುಕಟ್ಟು. ಉಳಿದವರಿಗೆ ತೋರಿಸಬೇಕು." ಆ ದಿನ ನಾನು ಅವಳ ಬೆನ್ನ ಹಿಂದೆಯೇ ನಿಂತಿದ್ದೆ. ಅವಳ ಕೈಯಲ್ಲಿದ್ದದ್ದು ಪೆನ್ನು ಎಂಬುದು ನನಗೆ ಕಂಡಿರಲೇ ಇಲ್ಲ.

ಮಾತನ್ನಷ್ಟೇ ನಂಬಿ ಹೆಜ್ಜೆ ಇಡುವುದು ನನ್ನ ಅಭ್ಯಾಸವಲ್ಲ. ಆ ಮುಚ್ಚಿದ ಕಾಲೇಜಿನ ಲ್ಯಾಬ್ ಅಟೆಂಡರ್ ಎರ್ರಿಸ್ವಾಮಿ ಈಗ ಕುರುಗೋಡಿನಲ್ಲಿದ್ದಾರೆ ಎಂದು ಅವಳು ಹೇಳಿದ್ದಳು. ಮರುದಿನ, ಶುಕ್ರವಾರ, 9.15ರ ಬಸ್ಸು ಹಿಡಿದೆ. ಅವರದು ಖಾರ ಬೀಸುವ ಗಿರಣಿ. ಬಾಗಿಲಲ್ಲಿ ನಿಂತು ಹೆಸರು ಹೇಳುವಷ್ಟರಲ್ಲಿ ನನಗೆ ನಾಲ್ಕು ಸೀನು ಬಂದವು. ಐವತ್ತರ ಆಸುಪಾಸಿನ ಎರ್ರಿಸ್ವಾಮಿ ಮೋಟರ್ ಆರಿಸಿ ಹೊರಗೆ ಬಂದರು.

"ಬರ್ರಿ ಮೇಡಂ, ಇತ್ಲಾಗ ಗಾಳಿಗಿ ನಿಂದರ್ರಿ. ಲ್ಯಾಬ್‌ನಾಗ ಆಸಿಡ್ ವಾಸನಿ ತಡ್ಕೊಂತೀರಿ, ನಮ್ಮ ಮೆಣಸಿನಕಾಯಿ ತಡ್ಯಂಗಿಲ್ಲ ನೋಡ್ರಿ!"

ವಿಷಯ ಕೇಳಿ ಅವರ ನಗು ನಿಂತಿತು. ಒಳಗೆ ಹೋಗಿ ಒಂದು ನೋಟ್‌ಬುಕ್ ತಂದರು. ಮೂಲೆಗಳೆಲ್ಲ ಕೆಂಪಗಾಗಿದ್ದವು. ಬ್ಯಾಚುಗಳ ಹಾಜರಿ ಅವರ ಕೈಯಲ್ಲೇ ಬರೆದದ್ದು. ಎ ಬ್ಯಾಚ್ 11, ಬಿ ಬ್ಯಾಚ್ 11. ಬಿ ಬ್ಯಾಚಿನ ಎಲ್ಲ ದಿನಗಳ ಮುಂದೆ "ಸಾಲ್ಟ್". ಏಳನೆಯ ಹೆಸರು ಹೊನ್ನೂರಮ್ಮ.

"ಈ ಅದಲು ಬದಲಿ ಯಾರ ಯೋಚನಿರಿ?"

"ನಂದ ರೀ. ಇಪ್ಪತ್ತೆರಡು ಮಂದಿ, ಹನ್ನೊಂದು ಬ್ಯೂರೆಟ್ಟು. ಒಬ್ಬರು ಮಾಡೋದು, ಒಬ್ಬರು ನೋಡೋದು ಆದ್ರ ಕಲಿತಂಗ ಹೆಂಗಾತು? ಅರ್ಧ ಮಂದಿನ ಆಕಡಿ ಹಾಕಿದ್ರ ತಲಿಗೊಂದು ಸಿಗತಾವು ಅಂತ ಸಾರ್‌ಗಿ ಹೇಳ್ದೆ, ಒಪ್ಪಿದ್ರು." ಸ್ವಲ್ಪ ತಡೆದು ಕೇಳಿದರು: "ನಿಮ್ಮ ದೊಡ್ಡ ಕಾಲೇಜಿನಾಗ ಇಬ್ಬರಿಗೊಂದು ಅಂತಲ್ರಿ?"

ನಾನು ಮತ್ತೊಮ್ಮೆ ಸೀನಿದೆ. ಈ ಸಲ ಅದು ಅನುಕೂಲಕ್ಕೆ ಬಂತು.

ಶನಿವಾರ ನೋಟ್‌ಬುಕ್ಕಿನ ಪುಟಗಳ ನಕಲನ್ನು ನಮ್ಮ ವಿಭಾಗದ ಮುಖ್ಯಸ್ಥರಾದ ಪಂಪಾಪತಿ ಸರ್ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಅಂಕ ಕೊಟ್ಟವರು ನಾವಲ್ಲ. ಅದನ್ನ ತೆಗಿಯೋ ಅಧಿಕಾರನೂ ನಮಗಿಲ್ಲ. ಆದ್ರ ಲ್ಯಾಬ್ ನಮ್ಮದೈತಿ, ಅದಕ್ಕ ರಜಾನೂ ಐತಿ. ಮೊದಲನೇ ಸೆಮಿಸ್ಟರ್‌ನಾಗ ಎಷ್ಟು ಪ್ರಯೋಗ?"

"ಹತ್ತು ಸರ್."

"ಹತ್ತೂ ಮಾಡಸ್ರಿ. ಒಂದೂ ಬಿಡಬ್ಯಾಡ್ರಿ. ಇನ್ನ ಆ ಟಿಕ್ಕು..." ಎಂದು ನನ್ನ ಪಟ್ಟಿಯ ಮೇಲೆ ಬೆರಳಿಟ್ಟರು. "ಗೊತ್ತಾದ ಮ್ಯಾಲ ಸುಮ್ನ ಹಂಗ ಕಳಸಾಕ ಬರಂಗಿಲ್ಲ. ಇದ್ದದ್ದು ಇದ್ದಂಗ ವಿಶ್ವವಿದ್ಯಾಲಯಕ್ಕ ಬರೀರಿ. ಫಲಿತಾಂಶ ತಡೆ ಹಿಡಿದ್ರೂ ಹಿಡೀಬಹುದು. ಮೊದಲ ಆ ಹುಡುಗಿನ ಕೇಳ್ರಿ."

ಹೊನ್ನೂರಮ್ಮನಿಗೆ ಫೋನ್ ಮಾಡಿದೆ. ಹಿಂದೆ ಅವಳ ಅವ್ವನ ಧ್ವನಿ ಸ್ಪಷ್ಟವಾಗಿ ಕೇಳುತ್ತಿತ್ತು: "ಯಾರೂ ಕೇಳಲಾರದ್ದು ನೀ ಯಾಕ ಹೇಳಾಕ ಹೋದಿ ಲೇ? ಪಾಸಾದ ಮ್ಯಾಲ ಫೇಲ್ ಆಗಾಕ ಹೊಂಟೀಯೇನು?" ಹೊನ್ನೂರಮ್ಮ ಫೋನು ಹಿಡಿದು ಹೊರಗೆ ಬಂದಳೆಂದು ತೋರುತ್ತದೆ. "ಅವ್ವ ಬೈತಾಳ್ರಿ. ಬೈಲಿ. ನೀವು ಬರೀರಿ ಮೇಡಂ," ಎಂದಳು.

ಜೂನ್ 16, ಸೋಮವಾರ ಪತ್ರ ಹೋಯಿತು. ಅದೇ ದಿನ ಲ್ಯಾಬಿನ ಬೀಗ ತೆಗೆದೆವು. ಮೊದಲ ಪ್ರಯೋಗ ಎಲ್ಲಕ್ಕಿಂತ ಸುಲಭದ್ದು: ಬಣ್ಣವಿಲ್ಲದ ದ್ರಾವಣ ಎಳೆ ಗುಲಾಬಿಗೆ ತಿರುಗಿದ ಕೂಡಲೇ ನಿಲ್ಲಿಸಬೇಕು. ಅವಳು ಮುಟ್ಟಿದ್ದೇ ತಡ, ನಲ್ಲಿ ಒಮ್ಮೆಲೇ ತೆರೆದುಕೊಂಡು ಫ್ಲಾಸ್ಕ್ ಪೂರ್ತಿ ಕಡುಗೆಂಪಾಯಿತು. ಮೂರು ಸಲ ಹಾಗೆಯೇ. ಮಂಗಳವಾರವೂ ಏಳಕ್ಕೆ ಏಳೂ ಕೆಟ್ಟವು. ಎರಡು ದಿನಕ್ಕೆ ಎರಡು ಪ್ರಯೋಗ, ಅವೂ ಅರೆಬರೆ. ಪಟ್ಟಿ 25ಕ್ಕೆ ಹೋಗಬೇಕು, ಹೀಗಾದರೆ 24ರೊಳಗೆ ಹತ್ತು ಆಗುವುದಿಲ್ಲ ಎಂದು ಡೈರಿಯಲ್ಲಿ ಬರೆದುಕೊಂಡೆ.

ಬುಧವಾರ 10 ಗಂಟೆಗೆ ಲ್ಯಾಬಿನ ಬಾಗಿಲಲ್ಲಿ ಎರ್ರಿಸ್ವಾಮಿ. ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಊಟದ ಡಬ್ಬಿ.

"ಗಿರಣಿ?" ಎಂದೆ.

"ತಮ್ಮ ನೋಡ್ಕೊಂತಾನ. ಈಕಿಗಿ ಕಲಿಸಬೇಕಾಗಿದ್ದು ನನ್ನ ಲ್ಯಾಬ್‌ನಾಗ ಅಲ್ಲೇನ್ರಿ?" ಅವಳ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿದರು. "ಇದೇನವ್ವ, ಎಳೆ ಗುಲಾಬಿ ಅಂದ್ರ ಹೋಳಿ ಹುಣ್ಣಿವಿ ಮಾಡಿಟ್ಟೀಯಲ್ಲ! ನೀ ಬಲಗೈಲೆ ನಲ್ಲಿ ಹಿಡ್ಯಾಕತ್ತೀ, ಅದಕ್ಕ. ಎಡಗೈ ಹಿಂದಿಂದ ತಗೊಂಡು ಬಾ, ಹಸುಗೂಸಿನ ಕುತ್ತಿಗಿ ಹಿಡಿದಂಗ ಹಿಡಿ. ಬಲಗೈ ಫ್ಲಾಸ್ಕ್ ತಿರುವಾಕ."

ನಾನು ಎರಡು ದಿನ ಸೂತ್ರ ವಿವರಿಸಿದ್ದೆ, ಲೆಕ್ಕ ಮಾಡಿಸಿದ್ದೆ. ಕೈ ಯಾವುದೆಂದು ನೋಡಿರಲಿಲ್ಲ. ಅಂದು ಮಧ್ಯಾಹ್ನ 12.20ಕ್ಕೆ ಅವಳ ಫ್ಲಾಸ್ಕಿನಲ್ಲಿ ಮೊದಲ ಸಲ ಸರಿಯಾದ ಬಣ್ಣ ಬಂತು. ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಹೊನ್ನೂರಮ್ಮ ಉಸಿರು ಬಿಡಲಿಲ್ಲ.

"ಈಗ ಉಸ್ರು ಬಿಡು ತಾಯಿ," ಎಂದರು ಎರ್ರಿಸ್ವಾಮಿ, "ನಿನ್ನ ಉಸ್ರಿಗಿ ಬಣ್ಣ ಹೋಗಂಗಿಲ್ಲ."

ಆಮೇಲೆ ಕೆಲಸ ಓಡಿತು. ಶುಕ್ರವಾರ ಎರಡು, ಶನಿವಾರ ಎರಡು. ಜೂನ್ 24, ಮಂಗಳವಾರ ಸಂಜೆ 4.35ಕ್ಕೆ ಹತ್ತನೆಯದು, ನೀರಿನ ಗಡಸುತನ. ಅದರಲ್ಲಿ ದ್ರಾಕ್ಷಾರಸದ ಕೆಂಪು ನೀಲಿಗೆ ತಿರುಗಬೇಕು. ನೀರು ನನ್ನ ಪಾರ್ವತಿನಗರದ ಮನೆಯ ಬೋರಿನದು. ಫಲಿತಾಂಶ ನೋಡಿ ನಾನು ಮನೆಯಲ್ಲಿ ಫಿಲ್ಟರ್ ಹಾಕಿಸಿದ್ದು ಬೇರೆ ಮಾತು.

25ರಂದು ಪಟ್ಟಿ ಕಳಿಸಿದೆ. 491 ಟಿಕ್, ಒಂದು ಚೌಕದಲ್ಲಿ "ಪತ್ರ ನೋಡಿ". ಹತ್ತೂ ಪ್ರಯೋಗಗಳ ರೆಕಾರ್ಡ್ ಲಗತ್ತಿಸಿದ್ದೆ. ಅವಳು ಬಾಯಿ ಬಿಡದಿದ್ದರೆ ಪಾಸಾಗುತ್ತಿದ್ದಳು. ನನ್ನ ಪತ್ರದಿಂದ ಅವಳ ವರ್ಷ ಹೋದರೆ ನಾನು ಅವಳ ಅವ್ವನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ?

26, ಗುರುವಾರ, ಮಧ್ಯಾಹ್ನ 3.20ಕ್ಕೆ ಉತ್ತರ ಬಂತು. ಮೂರೇ ಸಾಲು. ಪ್ರಯೋಗಗಳು ಪೂರ್ಣಗೊಂಡಿರುವುದನ್ನು ದಾಖಲಿಸಿಕೊಳ್ಳಲಾಗಿದೆ, ಫಲಿತಾಂಶ ತಡೆಯಲು ಕಾರಣ ಇಲ್ಲ ಎಂದಿತ್ತು. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಫ್ಯಾನ್ ನೋಡುತ್ತ ಸುಮಾರು ಹೊತ್ತು ಕುಳಿತಿದ್ದೆ. ಎಷ್ಟು ನಿಮಿಷ ಎಂದು ಬರೆದಿಟ್ಟಿಲ್ಲ. ಈ ಹದಿನೈದು ದಿನಗಳಲ್ಲಿ ನಾನು ಗಡಿಯಾರ ನೋಡದ ಸಮಯ ಅದೊಂದೇ. ಪಂಪಾಪತಿ ಸರ್ ಪತ್ರ ಓದಿ, "ಇನ್ನ ಊಟ ಮಾಡ್ರಿ," ಎಂದರು. ಡಬ್ಬಿ ಬೆಳಿಗ್ಗೆಯಿಂದ ಹಾಗೆಯೇ ಇತ್ತು.

27, ಶುಕ್ರವಾರ, 12.55ಕ್ಕೆ ಹೊನ್ನೂರಮ್ಮನ ಫೋನು ಬಂತು. ಬ್ರೂಸ್‌ಪೇಟೆಯ ಗದ್ದಲದೊಳಗೆ ನಿಂತು ಮಾತಾಡುತ್ತಿದ್ದಳು.

"ಮೇಡಂ, ಹನ್ನೊಂದು ಪಾಯಿಂಟ್ ಮೂರು, ಹನ್ನೊಂದು ಪಾಯಿಂಟ್ ಎರಡು, ಮತ್ತ ಹನ್ನೊಂದು ಪಾಯಿಂಟ್ ಎರಡು!"

ಮೂರು ಸಲದ ಅಳತೆಗಳು ಒಂದಕ್ಕೊಂದು ಇಷ್ಟು ಹತ್ತಿರ ಬಂದರೆ ಕೈ ಕುದುರಿದೆ ಎಂದರ್ಥ.

"ಬಣ್ಣ?"

"ನೀಲಿ ರೀ. ಬರೇ ನೀಲಿ. ಒಂದನೇ ತಾರೀಕಿಂದ ಬಾ ಅಂದಾರ."

"ರೀಡಿಂಗ್ ಬರ್ಕೊಂಡೋರು ಯಾರು?"

ಅವಳು ನಕ್ಕಳು. "ಅವರ ಬರ್ಕೊಂಡ್ರು ರೀ. ನನ್ನ ಕೈ ಖಾಲಿ ಇರಲಿಲ್ಲಲ್ಲ."

ಈಗ ನನ್ನ ಪಟ್ಟಿಯಲ್ಲಿ ಒಂದು ಚೌಕ ಹೆಚ್ಚಾಗಿದೆ. ಪ್ರಾಕ್ಟಿಕಲ್ ನಡೆದ ದಿನ ಬ್ಯೂರೆಟ್ ಹಿಡಿದವರು ಯಾರು, ಬರೆದುಕೊಂಡವರು ಯಾರು ಎಂದು ಅಲ್ಲಿ ಹೆಸರು ಬರೆಯುತ್ತೇನೆ. ಅರ್ಧ ಗಂಟೆಗೊಮ್ಮೆ ಜೋಡಿಯನ್ನು ಅದಲು ಬದಲು ಮಾಡುತ್ತೇನೆ. ಕೋರ್ ಎಂಬುದು ಅಂಕಪಟ್ಟಿಯಲ್ಲಿ ಇದ್ದರೆ ಸಾಲದು, ಕೈಗೆ ಇಳಿದಿರಬೇಕು ಎಂಬುದನ್ನು ನನಗೆ ಕಲಿಸಿದ್ದು ನಿಯಮಾವಳಿಯಲ್ಲ. ಬಾಯಿ ಬಿಟ್ಟು ಹೇಳಿದ ಒಬ್ಬ ವಿದ್ಯಾರ್ಥಿನಿ, ಗಿರಣಿ ಬಿಟ್ಟು ಬಂದ ಒಬ್ಬ ಅಟೆಂಡರ್.

ಲೆಕ್ಕ ಇನ್ನೂ ಮುಗಿದಿಲ್ಲ. ಎರ್ರಿಸ್ವಾಮಿಯವರ ನೋಟ್‌ಬುಕ್ಕಿನಲ್ಲಿ ಬಿ ಬ್ಯಾಚಿನ ಹೆಸರು ಹನ್ನೊಂದು. ಹೊನ್ನೂರಮ್ಮ ಬಿಟ್ಟರೆ ಹತ್ತು. ಅವಳ ಜೊತೆ ಸಿರುಗುಪ್ಪಕ್ಕೆ ಎರಡು ಸಲ ಹೋಗಿ ಹುಡುಕಿದ್ದರಿಂದ ಆರು ಮಂದಿ ಸಿಕ್ಕಿದರು. ಅವರಲ್ಲಿ ಮೂವರು ಬೇರೆ ಕಾಲೇಜುಗಳಲ್ಲಿ ಕಲಿತುಕೊಂಡಿದ್ದರು. ಉಳಿದ ಮೂವರು ಶನಿವಾರಗಳಂದು ನಮ್ಮ ಲ್ಯಾಬಿಗೆ ಬಂದು ಹತ್ತೂ ಪ್ರಯೋಗ ಮಾಡಿ ಹೋದರು. ನಾಲ್ವರು ಎಲ್ಲಿದ್ದಾರೋ ಗೊತ್ತಿಲ್ಲ. ಸಿರುಗುಪ್ಪ ಕಡೆ ಮೊದಲ ಸೆಮಿಸ್ಟರ್ ಓದಿ, ಕಾಲೇಜು ಮುಚ್ಚಿದ ಮೇಲೆ ಚದುರಿಹೋದ ಆ ಬ್ಯಾಚಿನವರು ಇದನ್ನು ಓದುತ್ತಿದ್ದರೆ, ಅಥವಾ ನಿಮ್ಮಲ್ಲಿ ಯಾರಿಗಾದರೂ ಅವರ ಗುರುತು ಇದ್ದರೆ, ದಯವಿಟ್ಟು ಈ ಪತ್ರಿಕೆಗೆ ಒಂದು ಕಾಗದ ಬರೆಯಿರಿ. ಕೆಲಸ ಸಿಕ್ಕಿರಲಿ ಬಿಡಲಿ, ನಾಚಿಕೆ ಬೇಡ. ನಾಲ್ಕು ಬ್ಯೂರೆಟ್ ತೊಳೆದು ಸ್ಟ್ಯಾಂಡಿಗೆ ಹಾಕಿಟ್ಟಿದ್ದೇನೆ, ತಲೆಗೊಂದು.