ಉಪಚಾರವಿಲ್ಲದ ಜಾಗ

ಬಿಯರಿನ ವಿಷಯದಲ್ಲಿ ನಾನು ಅರ್ಧ ಗ್ಲಾಸಿನ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇಲ್ಲವಾದರೆ, ಒಂದು ಪಬ್ಬು ಮುಚ್ಚಿದ್ದಕ್ಕೆ ಇಷ್ಟೊಂದು ಶೋಕಿಸುವವನನ್ನು ನೀವು ಮಹಾ ಕುಡುಕನೆಂದು ತಿಳಿದು, ನನಗೆ ಸಲ್ಲದ ಗೌರವವನ್ನು ಕೊಟ್ಟೀರಿ. ಮೊದಲ ಅರ್ಧದಲ್ಲಿ ನನಗೆ ಲೋಕ ಸಹನೀಯವಾಗುತ್ತದೆ. ಉಳಿದರ್ಧದಲ್ಲಿ ನಿದ್ದೆ ಬರುತ್ತದೆ. ಅಪರೂಪಕ್ಕೆ ಸಹನೀಯವಾದ ಲೋಕವನ್ನು ನಿದ್ದೆಯಲ್ಲಿ ಕಳೆಯುವುದು ಸರಿಯಲ್ಲವೆಂದು ಅರ್ಧಕ್ಕೇ ನಿಲ್ಲಿಸುತ್ತೇನೆ. ಆದರೂ ವರ್ಷಗಟ್ಟಲೆ, ವಾರಕ್ಕೊಮ್ಮೆ ತಪ್ಪದೆ, ಪಬ್ಬಿಗೆ ಹೋಗಿದ್ದೇನೆ. ಇಷ್ಟು ಕಡಿಮೆ ಕುಡಿಯಲು ಇಷ್ಟು ನಿಷ್ಠೆಯಿಂದ ಹೋದವರು ಸಾನ್ ಡಿಯೇಗೊದಲ್ಲಿ ಇನ್ನೊಬ್ಬರು ಇರಲಾರರು.

ನಮ್ಮ ಪಬ್ಬು ರಾಂಚೊ ಬರ್ನಾರ್ಡೊ ಬಡಾವಣೆಯಲ್ಲಿ, ಒಬ್ಬ ದಂತವೈದ್ಯರಿಗೂ ಒಂದು ಡ್ರೈಕ್ಲೀನಿಂಗ್ ಅಂಗಡಿಗೂ ನಡುವೆ ಇತ್ತು. ಹಲ್ಲು, ಬಟ್ಟೆ, ಮನಸ್ಸು ಮೂರನ್ನೂ ಒಂದೇ ಪಾರ್ಕಿಂಗಿನಲ್ಲಿ ಸ್ವಚ್ಛ ಮಾಡಿಸಿಕೊಳ್ಳುವ ಅನುಕೂಲ. ಒಳಗೆ ನೋಡುವಂಥದ್ದೇನೂ ಇರಲಿಲ್ಲ. ಮರದ ಮೇಜುಗಳು, ಸದ್ದಿಲ್ಲದೆ ಓಡುವ ಒಂದು ಟಿವಿ. ಆದರೆ ಕೌಂಟರಿನ ಹಿಂದಿನ ಗೋಡೆಯ ತುಂಬ ಕೊಕ್ಕೆಗಳು, ಒಂದೊಂದು ಕೊಕ್ಕೆಗೂ ಸುಟ್ಟ ಮಣ್ಣಿನ ಒಂದೊಂದು ದಪ್ಪ ಮಗ್. ಕಾಯಂ ಗಿರಾಕಿಗಳಿಗೆ ಅವರವರದೇ ಮಗ್, ಅದರ ಮೇಲೆ ಅವರವರ ಹೆಸರು. ನನ್ನ ಹೆಸರೂ ಅಲ್ಲಿ ತೂಗಾಡುತ್ತಿತ್ತು. ಮೂವತ್ತು ವರ್ಷ ಎಂಜಿನಿಯರ್ ಆಗಿ ದುಡಿದ ಕಂಪನಿಯಲ್ಲಿ ನಾನು ನಿವೃತ್ತನಾದ ದಿನ ನನ್ನ ಹೆಸರು ಬಾಗಿಲಿನಿಂದ ಮಧ್ಯಾಹ್ನದೊಳಗೆ ಮಾಯವಾಗಿತ್ತು. ಈ ಗೋಡೆಯ ಮೇಲೆ ಮಾತ್ರ ಅದು ಭದ್ರವಾಗಿತ್ತು.

ಪಬ್ಬು ಯಾರೋ ಒಬ್ಬರ ಅಂಗಡಿಯಲ್ಲ, ಒಂದು ಬ್ರೂವರಿಯ ಸ್ವಂತ ಸ್ವತ್ತು. ಬಿಯರ್ ಮಾಡುವವರೇ ಪಬ್ಬನ್ನೂ ನಡೆಸುವುದು, ಅಲ್ಲಿ ತಮ್ಮದನ್ನು ಬಿಟ್ಟು ಬೇರೆ ಬಿಯರ್ ಮಾರದಿರುವುದು ಹಳೆಯ ಪದ್ಧತಿ. ಇಂಗ್ಲೆಂಡಿನಲ್ಲಿ ಬಹುಕಾಲ ಹೀಗೆಯೇ ಇತ್ತೆಂದು ಓದಿದ್ದೇನೆ. ನಮಗೂ ಇದು ತಿಳಿಯದ ವ್ಯವಸ್ಥೆಯೇನಲ್ಲ. ಮೂಲಮಠ ಒಂದು, ಊರೂರಿಗೆ ಶಾಖಾಮಠ. ಎಲ್ಲಿ ಹೋದರೂ ತೀರ್ಥ ಒಂದೇ. ನಮ್ಮ ಮೂಲಮಠ ಸಮುದ್ರದ ಕಡೆಗಿದ್ದ ಒಂದು ಗೋದಾಮು, ಒಳಗೆ ಆಳೆತ್ತರದ ಸ್ಟೀಲಿನ ಹಂಡೆಗಳು. ಶಾಖೆಗಳು ಸಾನ್ ಡಿಯೇಗೊದಿಂದ ಲಾಸ್ ಏಂಜಲೀಸ್‌ವರೆಗೆ ಅಲ್ಲಲ್ಲಿ. ಲಾಸ್ ಏಂಜಲೀಸ್ ಬಳಿ ನಮ್ಮವರ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ತೊಗರಿಬೇಳೆ, ಹುರಿಗಡಲೆ ತರಲು ಹೋದಾಗಲೆಲ್ಲ ಅಲ್ಲಿಗೆ ಹತ್ತಿರದ ಶಾಖೆಗೂ ಭೇಟಿ ಕೊಟ್ಟು, ತೀರ್ಥ ಒಂದೇ ಇದೆಯೆಂದು ಖಚಿತಪಡಿಸಿಕೊಂಡು ಬರುತ್ತಿದ್ದೆ.

ಇಂಥ ಮಠಕ್ಕೆ ನನಗೆ ದೀಕ್ಷೆಯಾದದ್ದು ಮಾತ್ರ ಬೆಂಗಳೂರಿನಲ್ಲಿ. ನನ್ನ ಯೌವನದಲ್ಲಿ ಎಂ.ಜಿ. ರಸ್ತೆಯ ಆಸುಪಾಸು ಪಬ್ಬುಗಳು ಒಂದೊಂದಾಗಿ ಬಾಗಿಲು ತೆರೆದವು. ಪೀಪಾಯಿಯಿಂದ ನೇರ ಗ್ಲಾಸಿಗೆ ಇಳಿಯುವ ಬಿಯರ್, ಜೊತೆಗೆ ಈರುಳ್ಳಿ ಹಾಕಿದ ಕಡಲೆಬೀಜ. ಬಸ್ಸು ಹತ್ತುವ ಮೊದಲು ಬಾಯಿಗೆ ಏಲಕ್ಕಿ ಹಾಕಿಕೊಳ್ಳುವುದು ನಿಯಮ. ಮನೆಯಲ್ಲಿ ಅಮ್ಮ ಒಂದು ದಿನ ಮೂಗರಳಿಸಿ, "ಯಾರ ಮನೇಲೋ ಪಾಯಸ?" ಎಂದು ಕೇಳಿದಳು. ಸ್ನೇಹಿತನ ಮನೆ ಎಂದೆ. "ವಾರಾವಾರ ಪಾಯಸ ಮಾಡ್ತಾರಲ್ಲ, ಒಳ್ಳೇ ಜನ" ಎಂದಳು. ಅಮ್ಮನಿಗೆ ಎಷ್ಟು ಗೊತ್ತಿತ್ತು ಎನ್ನುವುದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ನನ್ನ ಹೆಂಡತಿ ವಿಮಲೆಗೆ ಎಲ್ಲವೂ ಗೊತ್ತು. ಅವಳ ಕಾನೂನು ಸರಳ: ಬಿಯರಾಗಲಿ, ಅದನ್ನು ಮುಟ್ಟಿದ ಪಾತ್ರೆಯಾಗಲಿ ಅಡುಗೆಮನೆಯ ಹೊಸಿಲು ದಾಟಬಾರದು. ಚಳಿಗಾಲದಲ್ಲಿ ದೋಸೆಹಿಟ್ಟು ಹುದುಗಲೆಂದು ಅವಳು ಪಾತ್ರೆಯನ್ನು ಓವನ್ನಿನೊಳಗಿಟ್ಟು, ಲೈಟು ಹಾಕಿ, ಬಾಣಂತಿಯನ್ನು ಕಾಯುವಂತೆ ಕಾಯುತ್ತಾಳೆ. ಬಾರ್ಲಿ ಹುದುಗಿದರೂ ಉದ್ದು ಹುದುಗಿದರೂ ವಿದ್ಯೆ ಒಂದೇ ಎಂದು ಒಮ್ಮೆ ತಿಳಿಸಿಕೊಟ್ಟೆ. "ಹಿಟ್ಟು ಉಬ್ಬಿದ್ರೆ ನಾಲ್ಕು ಜನ ತಿಂಡಿ ತಿಂತಾರೆ. ನಿಮ್ಮದು ಉಬ್ಬಿದ್ರೆ ನೀವು ಸೋಫಾ ಮೇಲೆ ಗೊರಕೆ ಹೊಡೀತೀರಿ" ಎಂದಳು. ವಿದ್ವತ್ತಿಗೆ ನಮ್ಮ ಮನೆಯಲ್ಲಿ ಸಿಗುವ ಪುರಸ್ಕಾರ ಇಷ್ಟು.

ಇನ್ನು ಪಾಟೀಲರ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಸುತ್ತಾಡಿದ್ದು ಅಲ್ಲಿಗೆ ಬರಲು ಧೈರ್ಯ ಸಾಲದೆ. ಪಾಟೀಲರು ಧಾರವಾಡದ ಕಡೆಯವರು, ನನ್ನಂತೆಯೇ ನಿವೃತ್ತ ಟೆಲಿಕಾಂ ಎಂಜಿನಿಯರ್, ಪಬ್ಬಿನಲ್ಲಿ ನನ್ನೆದುರಿನ ಕುರ್ಚಿಯವರು. ಕಪ್ಪು ಕಹಿ ಬಿಯರ್ ಅವರ ಆಯ್ಕೆ. "ನಮ್ಮವ್ವನ ಕಷಾಯದಂಗ ಐತ್ರಿ, ಅದಕ್ಕ ಕುಡೀತೀನಿ" ಎನ್ನುತ್ತಿದ್ದರು. ಬಿಯರ್ ಸುರಿಯುತ್ತಿದ್ದ ಕ್ಯಾರಲ್ ಎಂಬ ಹಿರಿಯ ಹೆಂಗಸಿನ ಮೇಲೆ ಅವರ ದೂರು ಎಂದೂ ಮುಗಿಯದು: ಇವತ್ತು ನೊರೆ ಹೆಚ್ಚಾಯಿತು, ಇವತ್ತು ತೀರಾ ತಣ್ಣಗಾಯಿತು, ಮಗ್ ಸರಿಯಾಗಿ ಒರೆಸಿಲ್ಲ. ಅವಳು ಕೇಳಿಸಿಕೊಂಡು ಹುಬ್ಬು ಹಾರಿಸುತ್ತಿದ್ದಳು. ಇಬ್ಬರಿಗೂ ಅದರಲ್ಲಿ ಏನೋ ಸಂತೋಷವಿತ್ತು.

ಕೊರೋನಾ ಬಂದ ವರ್ಷ ಪಾಟೀಲರ ಹೆಂಡತಿ ತೀರಿಕೊಂಡರು. ನಾವೆಲ್ಲ ಅಂತ್ಯಕ್ರಿಯೆಯನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಪರದೆಯ ಚೌಕಗಳಲ್ಲಿ ನಾವೆಲ್ಲ ಕೈಮುಗಿದುಕೊಂಡಿದ್ದೆವು, ಯಾರದೋ ಮೈಕು ಆಫ್ ಆಗದೆ ಅವರ ಮನೆಯ ಮಿಕ್ಸಿ ಸದ್ದು ಕೇಳಿಸುತ್ತಿತ್ತು. ಆಮೇಲೆ ತಿಂಗಳುಗಟ್ಟಲೆ ಕನ್ನಡದ ಮನೆಗಳವರು ಸರದಿಯಂತೆ ಅವರ ಬಾಗಿಲಲ್ಲಿ ಡಬ್ಬಿ ಇಟ್ಟು, ಬೆಲ್ ಒತ್ತಿ, ಕಾರಿನಲ್ಲಿ ಕೂತು ಕೈಬೀಸಿ ಹೋದರು. ಅಷ್ಟಕ್ಕಿಂತ ಹೆಚ್ಚಿನದನ್ನು ಮಾಡಲು ಯಾರಿಗೂ ಅನುಮತಿ ಇರಲಿಲ್ಲ.

ಊರು ಮೆಲ್ಲಗೆ ತೆರೆದುಕೊಂಡಾಗ ಮೊದಲು ತೆರೆದವುಗಳಲ್ಲಿ ನಮ್ಮ ಪಬ್ಬೂ ಒಂದು. ಪಾರ್ಕಿಂಗಿನಲ್ಲೇ ಮೇಜು ಹಾಕಿ, ಮೇಜು ಮೇಜಿಗೂ ಒಂದು ಕಾರು ನಿಲ್ಲುವಷ್ಟು ಅಂತರ ಬಿಟ್ಟಿದ್ದರು. ಪಾಟೀಲರಿಗೆ ಫೋನ್ ಮಾಡಿದೆ, ಬಂದರು. ಕ್ಯಾರಲ್ ಮಾಸ್ಕಿನ ಹಿಂದಿನಿಂದ "ಸೇಮ್?" ಎಂದಳು. ಪಾಟೀಲರು ತಲೆಯಾಡಿಸಿದರು. ಅವಳಿಗೆ ಸುದ್ದಿ ಗೊತ್ತಿತ್ತು, ನಾನೇ ಹೇಳಿದ್ದೆ. ಆದರೆ ಹೇಗಿದ್ದೀರಿ ಎಂದು ಅವಳು ಕೇಳಲಿಲ್ಲ. ಮಗ್ ಇಟ್ಟು ಹೋದಳು. ಪಾಟೀಲರು ಒಂದು ಗುಟುಕು ಕುಡಿದು, "ನೊರಿ ಭಾಳ ಆತು" ಎಂದು ಕೂಗಿ ಹೇಳಿದರು, ಕನ್ನಡದಲ್ಲೇ. ಅವಳಿಗೆ ಅರ್ಥವಾಯಿತು. ಅಷ್ಟು ದಿನಗಳ ಮೇಲೆ ಅವರು ಆಡಿದ ಮೊದಲ ಸಹಜವಾದ ಮಾತು ಅದು.

ಮನೆಗಳಿಗೂ ಅವರನ್ನು ಕರೆಯದೆ ಇರಲಿಲ್ಲ. ಒಂದೆರಡು ಮನೆಗೆ ಹೋದರು, ಆಮೇಲೆ ನಿಲ್ಲಿಸಿದರು. ಏಕೆಂದು ಕೇಳಿದೆ.

"ಎಲ್ಲಾರೂ ನನ್ನ ತಾಟು ನೋಡ್ತಾರ್ರಿ ರಾಯರ" ಎಂದರು. "ಎಷ್ಟು ಉಂಡೆ, ಎಷ್ಟು ಬಿಟ್ಟೆ, ಅದನ್ನ ನೋಡ್ತಾರ. ಆಮ್ಯಾಲ ಒಬ್ರ ಮಾರಿ ಒಬ್ರು ನೋಡ್ತಾರ. ನಾ ಊಟಕ್ಕ ಹೋಗೇನೋ, ಪರೀಕ್ಷಾಕ್ಕ ಕುಂತೇನೋ?"

ಈ ಮಾತನ್ನು ನಾನು ಬಹಳ ಕಾಲ ಯೋಚಿಸಿದ್ದೇನೆ. ನಮ್ಮ ಜನರಿಗೆ ಪ್ರೀತಿ ತೋರಿಸಲು ಗೊತ್ತಿರುವ ಭಾಷೆ ಒಂದೇ, ಉಪಚಾರ. ಇನ್ನೊಂದು ಹಾಕಿಸಿಕೊಳ್ಳಿ, ಸ್ವಲ್ಪವೇ, ನನಗೋಸ್ಕರ. ಸುಖದಲ್ಲಿರುವವನು ಇದನ್ನು ತಡೆದುಕೊಳ್ಳಬಲ್ಲ. ದುಃಖದಲ್ಲಿರುವವನಿಗೆ ಪ್ರತಿಯೊಂದು ಹೋಳಿಗೆಯೂ ಒಂದು ಸಂತಾಪ ಸೂಚಕ ನಿರ್ಣಯ. ಮನೆಯಲ್ಲಿ ನಾವು ಅತಿಥಿಗಳು, ದೇವಸ್ಥಾನದಲ್ಲಿ ಭಕ್ತರು, ಕನ್ನಡ ಸಂಘದಲ್ಲಿ ಕುರ್ಚಿ ಜೋಡಿಸಲು ಸಿಕ್ಕ ಕೈಗಳು. ಪಬ್ಬಿನಲ್ಲಿ ಮಾತ್ರ ಯಾರೂ ಯಜಮಾನರಲ್ಲ, ಯಾರೂ ಅತಿಥಿಯಲ್ಲ. ಬೇಕಾದದ್ದನ್ನು ಕೇಳಬಹುದು, ಬೇಡವಾದರೆ ಸುಮ್ಮನಿರಬಹುದು, ಸರಿಯಿಲ್ಲದಿದ್ದರೆ ದೂರಬಹುದು. ಪಾಟೀಲರು ವಾರದಲ್ಲಿ ಕನ್ನಡ ಮಾತಾಡುತ್ತಿದ್ದದ್ದು ಆ ಮೇಜಿನಲ್ಲಿ ಮಾತ್ರ. ಮಗ ಡೈಮಂಡ್ ಬಾರ್ ಎಂಬ ಊರಿನಿಂದ ಫೋನ್ ಮಾಡಿದರೆ ಅದು ಇಂಗ್ಲಿಷಿನಲ್ಲಿ, ಅದೂ ಮಾತ್ರೆಗಳ ವಿಚಾರ.

ಅಂಥ ಹೊತ್ತಿನಲ್ಲಿ ಬ್ರೂವರಿ ಮಾರಾಟವಾಯಿತು. ಕೊಂಡವರು ದೊಡ್ಡ ಕಂಪನಿಯವರು. ಅವರಿಗೆ ಬೇಕಾಗಿದ್ದದ್ದು ಬಿಯರಿನ ಹೆಸರು. ಅದನ್ನು ಡಬ್ಬಿಯಲ್ಲಿ ತುಂಬಿ ಅಂಗಡಿಗಳಲ್ಲಿ ಮಾರಲು ಪಬ್ಬುಗಳ ಅಗತ್ಯವಿರಲಿಲ್ಲ. ಮೊದಲು ಲಾಸ್ ಏಂಜಲೀಸ್ ಕಡೆಯ ಶಾಖೆಗಳು ಹೋದವು. ಆರ್ಟೀಸಿಯಾದಿಂದ ಬರುವಾಗ ನೋಡಿದರೆ ನಮ್ಮ ಹಳೆಯ ಶಾಖಾಮಠದಲ್ಲಿ ಫೋನ್ ರಿಪೇರಿ ನಡೆಯುತ್ತಿತ್ತು. ಕಾರು ನಿಲ್ಲಿಸಿ ಒಂದು ನಿಮಿಷ ಮೌನ ಆಚರಿಸಿದೆ. ವಿಮಲೆ, "ಕೊತ್ತಂಬರಿ ಸೊಪ್ಪು ಬಾಡ್ತಾ ಇದೆ" ಎಂದು ನೆನಪಿಸಿದಳು.

ಆಮೇಲೆ ನಮ್ಮ ಪಬ್ಬಿನ ಸರದಿ. ಕೊನೆಯ ದಿನ ಕ್ಯಾರಲ್ ಗೋಡೆಯಿಂದ ಮಗ್‌ಗಳನ್ನು ಇಳಿಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಒಬ್ಬೊಬ್ಬರ ಕೈಗೂ ಕೊಟ್ಟಳು. ಪಾಟೀಲರು ತಮ್ಮದನ್ನು ತೆಗೆದುಕೊಳ್ಳಲಿಲ್ಲ.

"ಇರಲಿ ಬಿಡ್ರಿ. ಮನ್ಯಾಗ ಒಯ್ದು ಏನ್ ಮಾಡ್ಲಿ? ಮನ್ಯಾಗ ನಾ ಒಬ್ಬಾವ, ಎದುರಿಗೆ ಯಾರು ಕುಂದ್ರತಾರ?"

ಅವರು ಕಾರಿನ ಕಡೆ ನಡೆದರು. ಕ್ಯಾರಲ್ ನನ್ನನ್ನು ನೋಡಿದಳು. ನಾನು ಎರಡೂ ಮಗ್‌ಗಳನ್ನು ತಂದು ಗರಾಜಿನಲ್ಲಿ, ದೀಪಾವಳಿಯ ಲೈಟಿನ ಸರಗಳ ಡಬ್ಬದ ಮೇಲೆ ಇಟ್ಟೆ.

ಪಾಟೀಲರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ನಮ್ಮ ಮನೆಗೆ ಕರೆದರೆ "ನೋಡೂಣ್ರಿ" ಎನ್ನುತ್ತಿದ್ದರು. ಧಾರವಾಡದ "ನೋಡೂಣು" ಎಂದರೆ ಏನೆಂದು ತಿಳಿಯದಷ್ಟು ಹೊಸಬನಲ್ಲ ನಾನು. ಫೋನಿನಲ್ಲಿ ಮಾತು ದಿನದಿನಕ್ಕೆ ಚಿಕ್ಕದಾಯಿತು. ಒಂದು ಸಲವಂತೂ ಅವರ ದನಿ ಆ ದಿನ ಮೊದಲ ಬಾರಿಗೆ ಬಳಸಿದ ನಲ್ಲಿಯಂತೆ ಕೆಮ್ಮಿಕೊಂಡು ಬಂತು. ಮನುಷ್ಯನೊಬ್ಬ ಹೀಗೆಯೇ ಒಳಗೊಳಗೇ ಮುಚ್ಚಿಹೋಗುತ್ತಾನೆ, ಬೋರ್ಡು ಕೂಡ ಇಳಿಸದೆ. ನನಗೆ ಭಯವಾಯಿತು.

ವಿಮಲೆಗೆ ಹೇಳಿದೆ: ಅವರು ಬರಬೇಕಾದರೆ ಒಂದೇ ಉಪಾಯ, ನೀನು ಅವರಿಗೆ ಏನೂ ಕೊಡಕೂಡದು.

"ಏನೂ ಅಂದ್ರೆ?"

"ಏನೂ. ತಿಂಡಿ, ಕಾಫಿ, ಏನೂ ಇಲ್ಲ. ಹೇಗಿದ್ದೀರಿ ಅಂತಲೂ ಕೇಳಕೂಡದು."

"ಮನೆಗೆ ಬಂದವರಿಗೆ ನೀರೂ ಕೊಡದೆ ಕೂರಿಸೋದಾ? ನಾವೇನು ಮನುಷ್ಯರಾ ಇಲ್ಲಾ ಏರ್‌ಪೋರ್ಟಾ?"

ಅವಳಿಗೆ ಎಷ್ಟು ಕಷ್ಟದ ವ್ರತ ಹೇಳುತ್ತಿದ್ದೇನೆಂದು ನನಗೆ ಗೊತ್ತಿತ್ತು. ಕೊರಿಯರ್ ತಂದ ಹುಡುಗನಿಗೂ ಚಕ್ಕುಲಿ ಕೊಟ್ಟು ಕಳಿಸಿದವಳು ಅವಳು. ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ, ಹಿಟ್ಟಿನ ಪಾತ್ರೆಯನ್ನು ಓವನ್ನಿಗಿಡುತ್ತಾ ತಾನಾಗಿಯೇ ಹೇಳಿದಳು: "ಗರಾಜು ಮನೆ ಅಲ್ಲ, ಅಲ್ವಾ? ಅಲ್ಲಿಗೆ ನಾನು ರಂಗೋಲಿ ಹಾಕಲ್ಲ. ಅಲ್ಲಿ ಕೂತವರು ನನ್ನ ಮನೆಗೆ ಬಂದ ಹಾಗಾಗಲಿಲ್ಲ." ಯಾವ ನ್ಯಾಯಾಲಯವೂ ಇದಕ್ಕಿಂತ ಸೂಕ್ಷ್ಮವಾದ ತೀರ್ಪು ಕೊಟ್ಟಿರಲಾರದು.

ಗರಾಜಿನ ಗೋಡೆಗೆ ಎರಡು ಕೊಕ್ಕೆ ಹೊಡೆದೆ. ಮಡಚುವ ಕುರ್ಚಿ ಎರಡು, ರಟ್ಟಿನ ಪೆಟ್ಟಿಗೆಯೇ ಮೇಜು. ಪಾಟೀಲರಿಗೆ ಫೋನ್ ಮಾಡಿ, "ಸಾಯಂಕಾಲ ಗರಾಜಿನ ಬಾಗಿಲು ತೆಗೆದುಕೊಂಡು ಕೂತಿರ್ತೀನಿ. ನೀವು ಬರಲೇಬೇಕು ಅಂತೇನಿಲ್ಲ" ಎಂದೆ. ನಾನು ಜೀವಮಾನದಲ್ಲಿ ಕೊಟ್ಟ ಅತ್ಯಂತ ಒರಟು ಆಹ್ವಾನ ಅದು. ಅವರು ಬಂದರು.

"ಚಪ್ಲಿ ಬಿಡಬೇಕೇನ್ರಿ?"

"ಬೇಡ."

ಅವರು ಕೂತರು. ಕೊಕ್ಕೆಯ ಮೇಲಿದ್ದ ತಮ್ಮ ಹೆಸರನ್ನು ನೋಡಿದರು. ಅಂಗಡಿಯ ಡಬ್ಬಿಯಿಂದ ಅದೇ ಕಪ್ಪು ಬಿಯರನ್ನು ಅವರ ಮಗ್ಗಿಗೆ ಸುರಿದೆ. ಅದೇ ಹೆಸರು, ಅದೇ ಬಣ್ಣ. "ಮಠ ಐತಿ, ಸ್ವಾಮಿಗೋಳು ಬದಲಾಗ್ಯಾರ" ಎಂದರು. ಒಳಗಿನಿಂದ ಮದ್ದೂರು ವಡೆ ಕರಿಯುವ ಪರಿಮಳ ಬರುತ್ತಿತ್ತು. ವಿಮಲೆ ಅಡುಗೆಮನೆಯಿಂದ ಗರಾಜಿಗೆ ತೆರೆಯುವ ಬಾಗಿಲಲ್ಲಿ ಕಾಣಿಸಿಕೊಂಡು, ಕೈ ಒರೆಸಿಕೊಳ್ಳುತ್ತಾ, "ಬಂದ್ರಾ ಪಾಟೀಲ್ರೇ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ಆ ರಾತ್ರಿ ಅಷ್ಟೂ ವಡೆಗಳನ್ನು ನಾನೊಬ್ಬನೇ ತಿನ್ನಬೇಕಾಯಿತು. ಸಂಯಮದ ಖರ್ಚು ಯಾರಾದರೂ ಭರಿಸಲೇಬೇಕಲ್ಲ.

ಹೀಗೆ ಹಲವು ವಾರ ನಡೆಯಿತು. ವಡೆ ಕರಿದದ್ದು ಹೊರಗೆ ಬರಲಿಲ್ಲ, ಪ್ರಶ್ನೆಯೂ ಬರಲಿಲ್ಲ. ಪಾಟೀಲರು ಒಂದು ವಾರವೂ ತಪ್ಪಿಸಲಿಲ್ಲ. ಜನವರಿಯ ಒಂದು ಸಂಜೆ, ಚಳಿಗಾಳಿ ಗರಾಜಿನೊಳಗೇ ನುಗ್ಗುತ್ತಿದ್ದಾಗ, ಅವರು ಬಿಯರ್ ಬೇಡವೆಂದರು. ಖಾಲಿ ಮಗ್ಗನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದವರು ಬಾಗಿಲ ಕಡೆ ಮುಖ ಮಾಡಿ ಕೂಗಿದರು:

"ಅಕ್ಕಾರ, ಒಂದೀಟು ಚಾ ಸಿಗತೈತೇನ್ರಿ?"

ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ವಿಮಲೆ ಬಾಗಿಲಿಗೆ ಬಂದಳು. ಪಾಟೀಲರು ಮಗ್ ಚಾಚಿದರು. ಅವಳು ಅದನ್ನು ಹಿಡಿದು, ಹೊಸಿಲಿನ ಮೇಲೆ ನಿಂತು, ಒಂದು ಕ್ಷಣ ಅದರೊಳಗೆ ನೋಡಿದಳು. ಆಮೇಲೆ ಅದರೊಂದಿಗೆ ಅಡುಗೆಮನೆಯೊಳಕ್ಕೆ ಹೋದಳು. ಮೂವತ್ತೈದು ವರ್ಷದ ಕಾನೂನು ನನ್ನ ಕಣ್ಣೆದುರಿಗೇ ರದ್ದಾಯಿತು.

ಚಹಾ ಬಂತು, ಮಗ್ಗಿನ ತುಂಬ, ಜೊತೆಗೆ ಬೇರೇನೂ ಇಲ್ಲದೆ. ಪಾಟೀಲರು ಒಂದು ಗುಟುಕು ಕುಡಿದರು. ವಿಮಲೆ ಬಾಗಿಲಲ್ಲೇ ನಿಂತಿದ್ದಳು.

"ಸಕ್ರಿ ಕಮ್ಮಿ ಆತು ನೋಡ್ರಿ" ಎಂದರು ಅವರು.

ಅತಿಥಿಯಾದವನು ಸಕ್ಕರೆ ಕಡಿಮೆಯಾಯಿತೆಂದು ಎಂದೂ ಹೇಳುವುದಿಲ್ಲ. ಹೇಳುವವನು ಗಿರಾಕಿ, ಇಲ್ಲವೇ ಮನೆಯವನು. ವಿಮಲೆಗೆ ಇದು ನನಗಿಂತ ಮೊದಲೇ ತಿಳಿದಿರಬೇಕು. "ಕೊಡಿ ಇಲ್ಲಿ" ಎಂದು ಮಗ್ ಕಿತ್ತುಕೊಂಡು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ, ಒಂದು ಚಮಚ ಸಕ್ಕರೆ ಹಾಕಲು ಬೇಕಾಗುವುದಕ್ಕಿಂತ ಬಹಳ ಹೊತ್ತು.

ಆ ಮಗ್ ಈಗ ಅಡುಗೆಮನೆಯಲ್ಲಿ, ಕಾಫಿ ಫಿಲ್ಟರಿನ ಪಕ್ಕದಲ್ಲಿ ವಾಸವಾಗಿದೆ. ನನ್ನದು ಇನ್ನೂ ಗರಾಜಿನ ಕೊಕ್ಕೆಯಲ್ಲೇ ಇದೆ. ಅರ್ಜಿ ಹಾಕಿದ್ದೇನೆ, "ನೋಡೋಣ" ಎಂದಿದ್ದಾಳೆ.